ಮೂರು ಮಳೆಗಾಲ ಕಂಡ ಸಿಪಿಆರ್ ಗೊಂಬೆ: ಒಂದು ಕಬಡ್ಡಿ ತಂಡದ ಅನುಭವ

ನಾನು ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಕಬಡ್ಡಿ ತರಬೇತುದಾರ. ಮೂರು ವರ್ಷಗಳ ಹಿಂದೆ ತಂಡದ ಹಳೆಯ ಆಟಗಾರರೆಲ್ಲ ಸೇರಿ ಹಣ ಹಾಕಿ, ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ, ಉಸಿರು ಕೊಡುವ ಪ್ರಥಮ ಚಿಕಿತ್ಸೆ) ಕಲಿಸುವ ಗೊಂಬೆಯೊಂದನ್ನು ತರಿಸಿದೆವು. ಬೆಲೆ ಇಪ್ಪತ್ತು ಸಾವಿರ ರೂಪಾಯಿಗೆ ತುಸು ಕಡಿಮೆ. ತಲೆಯಿಂದ ಸೊಂಟದವರೆಗೆ ಮಾತ್ರ ಇರುವ ಗೊಂಬೆ, ಕೈಕಾಲುಗಳಿಲ್ಲ. ಎದೆಯೊಳಗೆ ಗಟ್ಟಿ ಸ್ಪ್ರಿಂಗ್ ಇದೆ. ಸಾಕಷ್ಟು ಆಳಕ್ಕೆ ಒತ್ತಿದರೆ ಟಿಕ್ ಎಂಬ ಸದ್ದು ಬರುತ್ತದೆ, ಭುಜದ ಮೇಲೆ ಹಸಿರು ದೀಪ ಹೊತ್ತುತ್ತದೆ. ಮೊಬೈಲ್‌ಗೆ ಜೋಡಿಸಿದರೆ ಒತ್ತಿದ ವೇಗ, ಆಳ, ನಡುವೆ ಕೈ ನಿಂತ ಸಮಯ ಎಲ್ಲವೂ ಪರದೆಯ ಮೇಲೆ ಕಾಣುತ್ತದೆ.

ಅದನ್ನು ತರಿಸಲು ಕಾರಣವಿತ್ತು. ಅದಕ್ಕೂ ಹಿಂದಿನ ವರ್ಷ ಹೊನಲು ಬೆಳಕಿನ ಪಂದ್ಯಾವಳಿಯಲ್ಲಿ ಅಂಪೈರ್ ಆಗಿದ್ದ ಹಿರಿಯರೊಬ್ಬರು ಅಂಕಣದ ಗೆರೆಯ ಪಕ್ಕದಲ್ಲೇ ಕುಸಿದರು. ಕೈಕಾಲು ಅದುರಿದವು. ಮೂರ್ಛೆರೋಗ ಎಂದುಕೊಂಡು ಅಂಗೈಗೆ ಬೀಗದ ಕೈ ಗೊಂಚಲು ಇಟ್ಟೆವು, ಮುಖಕ್ಕೆ ನೀರು ಚಿಮುಕಿಸಿದೆವು. ನಡುನಡುವೆ ಗೊರಕೆಯಂಥ ಉಸಿರು ಬರುತ್ತಿತ್ತು. ಸದ್ಯ, ಉಸಿರಿದೆ ಎಂದು ಸಮಾಧಾನ ಮಾಡಿಕೊಂಡೆವು. ಎತ್ತಿ ಜೀಪಿಗೆ ಹಾಕಿಕೊಂಡು ಹೊರಟೆವು. ಅವರು ಉಳಿಯಲಿಲ್ಲ. ಹೃದಯ ನಿಂತ ಮೊದಲ ನಿಮಿಷಗಳಲ್ಲಿ ಅಂಥ ಅದುರುವಿಕೆ ಬರಬಹುದು, ಗೊರಕೆಯಂಥ ಆ ಏದುಸಿರು ನಿಜವಾದ ಉಸಿರಾಟವೇ ಅಲ್ಲ ಎಂದು ಆಮೇಲೆ ವೈದ್ಯರೊಬ್ಬರು ವಿವರಿಸಿದರು. ಅಲ್ಲಿ ನೂರಾರು ಜನರಿದ್ದೆವು. ಎದೆ ಒತ್ತಬೇಕು ಎಂದು ಒಬ್ಬರಿಗೂ ತೋಚಲಿಲ್ಲ.

2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಫಿನ್ಲೆಂಡ್ ವಿರುದ್ಧದ ಯೂರೊ ಫುಟ್‌ಬಾಲ್ ಪಂದ್ಯದಲ್ಲಿ ಡೆನ್ಮಾರ್ಕ್‌ನ ಕ್ರಿಶ್ಚಿಯನ್ ಎರಿಕ್ಸನ್ ಕುಸಿದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದವರೇ. ಯಾರೂ ಅವರಿಗೆ ಡಿಕ್ಕಿ ಹೊಡೆದಿರಲಿಲ್ಲ. ಮೈದಾನದಲ್ಲಿಯೇ ಎದೆ ಒತ್ತಿದರು, ಡಿಫಿಬ್ರಿಲೇಟರ್‌ನಿಂದ ವಿದ್ಯುತ್ ಆಘಾತ ಕೊಟ್ಟರು, ಅವರು ಬದುಕಿದರು. ಮುಂದೆ ಮತ್ತೆ ದೇಶದ ಪರವಾಗಿ ಆಡಿದರು. ಆ ದೃಶ್ಯವನ್ನು ಎಷ್ಟು ಸಲ ನೋಡಿದರೂ ಕೈಗೆ ಆ ವಿದ್ಯೆ ಬರುವುದಿಲ್ಲ. ಅದು ಬಂದದ್ದು ಈ ಗೊಂಬೆಯಿಂದ.

ಮೊದಲ ದಿನವೇ ಗೊಂಬೆ ನಮ್ಮ ಒಂದು ನಂಬಿಕೆಯನ್ನು ಮುರಿಯಿತು. ತೋಳ್ಬಲದ ಆಟಗಾರರೇ ಇದನ್ನು ಚೆನ್ನಾಗಿ ಮಾಡುತ್ತಾರೆ ಎಂದು ನಾನು ಎಣಿಸಿದ್ದೆ. ನಮ್ಮ ಅತ್ಯಂತ ಬಲಿಷ್ಠ ರೈಡರ್ ನಿಮಿಷಕ್ಕೆ 150ರ ವೇಗದಲ್ಲಿ ಒತ್ತಿದ. ಬೇಕಾದದ್ದು 100ರಿಂದ 120. ಮೊಣಕೈ ಮಡಚಿ ತೋಳಿನಿಂದ ತಳ್ಳುತ್ತಿದ್ದ, ಒಂದೇ ನಿಮಿಷಕ್ಕೆ ದಣಿದ. ತೂಕದಲ್ಲಿ ಅವನ ಮುಕ್ಕಾಲು ಭಾಗವೂ ಇಲ್ಲದ ಮಹಿಳಾ ತಂಡದ ಹುಡುಗಿಯೊಬ್ಬಳು ಮೊಣಕೈ ನೆಟ್ಟಗಿಟ್ಟು, ಭುಜವನ್ನು ಅಂಗೈಯ ನೇರಕ್ಕೆ ತಂದು, ಸೊಂಟದಿಂದ ಭಾರ ಹಾಕಿದಳು. ಹಸಿರು ದೀಪ ಆರಲೇ ಇಲ್ಲ. ದೊಡ್ಡವರ ಎದೆಯ ನಡುವೆ, ಎದೆಮೂಳೆಯ ಕೆಳ ಅರ್ಧದ ಮೇಲೆ, 5ರಿಂದ 6 ಸೆಂಟಿಮೀಟರ್ ಆಳ ಒತ್ತಬೇಕು. ಅಷ್ಟು ಆಳ ಎಂದರೆ ಎಷ್ಟೆಂದು ಕೈಗೆ ಗೊತ್ತಾಗಬೇಕಾದರೆ ಒತ್ತಿಯೇ ನೋಡಬೇಕು.

ಇದಕ್ಕಿಂತ ಸೂಕ್ಷ್ಮವಾದ ತಪ್ಪನ್ನೂ ಆ್ಯಪ್ ಹಿಡಿಯಿತು. ಪ್ರತಿ ಸಲ ಒತ್ತಿದ ಮೇಲೆ ಎದೆ ಪೂರ್ತಿ ಮೇಲೇಳಲು ಬಿಡಬೇಕು, ಆಗಲೇ ಹೃದಯದೊಳಗೆ ರಕ್ತ ಮತ್ತೆ ತುಂಬುವುದು. ದಣಿದವರು ಗೊತ್ತಿಲ್ಲದೆಯೇ ಎದೆಯ ಮೇಲೆ ಒರಗಿಬಿಡುತ್ತಾರೆ. ಪಕ್ಕದಲ್ಲಿ ನಿಂತು ನೋಡುವ ನನ್ನ ಕಣ್ಣಿಗೆ ಇದು ಎಂದೂ ಕಂಡಿರಲಿಲ್ಲ.

ಎಣಿಕೆಯ ವಿಷಯದಲ್ಲಿ ನಾವೇ ಕಂಡುಕೊಂಡದ್ದೊಂದಿದೆ. ಮೂವತ್ತು ಸಲ ಒತ್ತಿ ಎರಡು ಸಲ ಉಸಿರು ಕೊಡುವುದು ಕ್ರಮ. ಕನ್ನಡದಲ್ಲಿ ಹತ್ತರವರೆಗೆ ಎಣಿಕೆ ಚುರುಕಾಗಿ ಸಾಗುತ್ತದೆ. ಹನ್ನೊಂದು ದಾಟಿ ಇಪ್ಪತ್ತೊಂದು, ಇಪ್ಪತ್ತೆರಡು ಎಂಬಲ್ಲಿಗೆ ಬಂದಾಗ ಮಾತು ಉದ್ದವಾಗಿ ಕೈಯೂ ನಿಧಾನವಾಗುತ್ತದೆ. ಪರದೆಯ ಮೇಲೆ ಪ್ರತಿಯೊಬ್ಬರ ವೇಗವೂ ಅಲ್ಲಿಯೇ ಇಳಿಯುತ್ತಿತ್ತು. ಈಗ ಹತ್ತರವರೆಗೆ ಮೂರು ಸಲ ಎಣಿಸುತ್ತೇವೆ. ವೇಗ ಸಮನಾಗಿದೆ. ಒತ್ತುವವರು ಎರಡು ನಿಮಿಷಕ್ಕೊಮ್ಮೆ ಬದಲಾಗಬೇಕು ಎಂಬುದನ್ನು ಹುಡುಗರಿಗೆ ನೆನಪಿಡಿಸಲು ಕಷ್ಟವೇ ಆಗಲಿಲ್ಲ. ಒಂದು ರೈಡ್‌ಗೆ 30 ಸೆಕೆಂಡ್; ನಾಲ್ಕು ರೈಡ್ ಆಯಿತೆಂದರೆ ಆಳು ಬದಲು. ಆ ಕಾಲದ ಅಳತೆ ಅವರ ಮೈಯಲ್ಲಿಯೇ ಇದೆ. ಬದಲಾಗುವಾಗ ಮುಂದಿನವನು ಎದುರು ಬದಿಯಲ್ಲಿ ಮಂಡಿಯೂರಿ ಸಿದ್ಧನಾಗಿರುತ್ತಾನೆ. ಎದೆ ಒಂದೆರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಖಾಲಿ ಬಿಡುವುದಿಲ್ಲ.

ಒಂದು ಎಚ್ಚರಿಕೆ. ಗೊಂಬೆಯನ್ನು ಕೊಠಡಿಯೊಳಗೆ ಮೇಜಿನ ಮೇಲಿಟ್ಟು ಕಲಿಸಿದರೆ ಅರ್ಧ ಕಲಿತಂತೆ. ನಾವು ಅಭ್ಯಾಸದ ಕೊನೆಯಲ್ಲಿ, ಎಲ್ಲರೂ ಏದುಸಿರು ಬಿಡುತ್ತಿರುವಾಗ, ಅದನ್ನು ಅಂಕಣಕ್ಕೆ ತರುತ್ತೇವೆ. ಎತ್ತರ ಜಿಗಿತದ ಫೋಮ್ ಹಾಸಿಗೆಯ ಮೇಲಿಟ್ಟು ಒಮ್ಮೆ ಪರೀಕ್ಷಿಸಿದೆವು. ಒತ್ತಿದಷ್ಟೂ ಹಾಸಿಗೆಯೇ ತಗ್ಗಿತು, ಟಿಕ್ ಸದ್ದು ಬರಲೇ ಇಲ್ಲ. ಹಾಸಿಗೆಯ ಮೇಲೆ ಬಿದ್ದವರನ್ನು ಮೊದಲು ಗಟ್ಟಿ ನೆಲಕ್ಕೆ ಇಳಿಸಬೇಕು ಎಂಬುದನ್ನು ಆ ದಿನದಿಂದ ನಾನು ಹೇಳಿಕೊಡಬೇಕಾಗಿಯೇ ಬಂದಿಲ್ಲ.

ಬಾಳಿಕೆಯ ಬಗ್ಗೆ ಹೇಳುವುದಾದರೆ, ನಮ್ಮ ಮಳೆಗೆ ಇದನ್ನು ಮಾಡಿದಂತಿಲ್ಲ. ಮೊದಲ ಮಳೆಗಾಲದಲ್ಲೇ ಮುಖದ ರಬ್ಬರಿಗೆ ಬೂಷ್ಟು ಹಿಡಿಯಿತು, ಬ್ಯಾಟರಿ ಕೂರುವ ತಗಡಿಗೆ ತುಕ್ಕು ಬಂತು. ಈಗ ಬ್ಯಾಟರಿ ತೆಗೆದು, ಒಣಗಿಸಿ, ಅಟ್ಟದ ಮೇಲೆ ಇಡುತ್ತೇವೆ. ಉಸಿರು ತುಂಬುವ ಪ್ಲಾಸ್ಟಿಕ್ ಚೀಲಗಳನ್ನು ಆಗಾಗ ಬದಲಿಸಲೇಬೇಕು, ಅವುಗಳ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ದೊಡ್ಡ ಕೊರತೆ ಬೇರೆಯೇ ಇದೆ. ಗೊಂಬೆಯದು ಗಂಡಸಿನ ಮೈ. ಕುಸಿದವರು ಹೆಣ್ಣುಮಗಳಾದರೆ ಎದೆಗೆ ಕೈ ಹಾಕಲು ನಮ್ಮ ಹುಡುಗರು ಹಿಂಜರಿಯುತ್ತಾರೆ ಎಂಬುದು ಮಾತಾಡಿದಾಗ ತಿಳಿಯಿತು. ಆ ಹಿಂಜರಿಕೆಗೆ ಅವರ ಸಹ ಆಟಗಾರ್ತಿಯೊಬ್ಬಳು ಜೀವ ತೆರಬೇಕಾದೀತು. ಹಾಗಾಗಿ ಗೊಂಬೆಗೆ ಬಟ್ಟೆ ತುಂಬಿ ಮಹಿಳಾ ತಂಡದ ಜೆರ್ಸಿ ತೊಡಿಸಿ, ಹುಡುಗಿಯರ ಎದುರಿಗೇ ಅಭ್ಯಾಸ ಮಾಡಿಸಿದೆ. ಎರಡನೆಯ ವಾರಕ್ಕೆ ಸಂಕೋಚ ಹೋಗಿತ್ತು. ತಯಾರಕರೇ ಇದನ್ನು ಯೋಚಿಸಬೇಕಿತ್ತು.

ಎಇಡಿ ಯಂತ್ರ, ಅಂದರೆ ಯಾರು ಬೇಕಾದರೂ ಬಳಸಬಹುದಾದ ಡಿಫಿಬ್ರಿಲೇಟರ್, ನಮ್ಮ ಮೈದಾನದಲ್ಲಿ ಇನ್ನೂ ಇಲ್ಲ. ಆಘಾತ ಕೊಡಲು ತಡವಾದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತದೆ, ಎದೆ ಒತ್ತುತ್ತಿದ್ದರೆ ಆ ಇಳಿತ ನಿಧಾನವಾಗುತ್ತದೆ. ಯಂತ್ರ ಬರುವವರೆಗೆ ಅಭ್ಯಾಸಕ್ಕೆ ರಟ್ಟಿನ ತುಂಡುಗಳನ್ನೇ ಅದರ ಮೈಗೆ ಅಂಟಿಸುವ ಪ್ಯಾಡ್ ಮಾಡಿಕೊಂಡಿದ್ದೇವೆ: ಒಂದು ಬಲ ಕೊರಳೆಲುಬಿನ ಕೆಳಗೆ, ಇನ್ನೊಂದು ಎಡ ಕಂಕುಳಿನ ಕೆಳಗೆ ಪಕ್ಕೆಗೆ. ಬಿಗಿ ಜೆರ್ಸಿ ಕತ್ತರಿಸಲು ಕತ್ತರಿ, ಬೆವರು ಒರೆಸಲು ಒಣ ಟವೆಲ್ ಪ್ರಥಮ ಚಿಕಿತ್ಸೆಯ ಚೀಲದಲ್ಲಿವೆ. ಬೆವರಿದ ಮೈಗೆ ಪ್ಯಾಡ್ ಅಂಟುವುದಿಲ್ಲ.

ನಿಜವಾದ ಎದೆಯ ಮೇಲೆ ನಾವು ಈವರೆಗೆ ಕೈ ಇಡಬೇಕಾಗಿ ಬಂದಿಲ್ಲ. ಕಳೆದ ಬೇಸಿಗೆಯಲ್ಲಿ ಹುಡುಗನೊಬ್ಬ ಅಭ್ಯಾಸದ ನಡುವೆ ಬಿದ್ದ. ಒಬ್ಬ ಭುಜ ತಟ್ಟಿ ಕೂಗಿದ, ಇನ್ನೊಬ್ಬ ಎದೆಯ ಏರಿಳಿತ ನೋಡಿದ, ಮೂರನೆಯವನ ಕೈಯಲ್ಲಿ ಆಗಲೇ 108ಕ್ಕೆ ಕರೆ ಹೋಗುತ್ತಿತ್ತು. ಹುಡುಗ ಕಣ್ಣು ಬಿಟ್ಟು ಉತ್ತರ ಕೊಟ್ಟ, ಬಿಸಿಲಿನ ಬಳಲಿಕೆ. ನೆರಳಿಗೆ ಕರೆದೊಯ್ದರು, ಯಾರೂ ಎದೆ ಒತ್ತಲಿಲ್ಲ. ಯಾರ ಕೈಯೂ ಬೀಗದ ಕೈಗಾಗಿ ಜೇಬಿಗೆ ಹೋಗಲಿಲ್ಲ.

ಮೂರನೆಯ ವರ್ಷ ಎಲ್ಲರಿಗೂ ಹಸಿರು ದೀಪ ಬರತೊಡಗಿದಾಗ ನಾನು ಹಿಗ್ಗಿದ್ದೆ. ಆದದ್ದು ಬೇರೆ: ಸ್ಪ್ರಿಂಗ್ ಸಡಿಲಗೊಂಡು, ಹೈಸ್ಕೂಲಿನ ಪುಟ್ಟ ಮಕ್ಕಳ ಕೈಗೂ ಎದೆ ಸಲೀಸಾಗಿ ತಗ್ಗುತ್ತಿತ್ತು. ಈ ಗೊಂಬೆ ಕೊಳ್ಳುವವರು ವರ್ಷಕ್ಕೊಮ್ಮೆ ಸ್ಪ್ರಿಂಗ್ ಪರೀಕ್ಷಿಸಿ, ಬಿಡಿಭಾಗ ಸಿಗುತ್ತದೆಯೇ ಎಂದು ಕೇಳಿಯೇ ದುಡ್ಡು ಕೊಡಿ. ನಮ್ಮದಕ್ಕೆ ಹೊಸ ಸ್ಪ್ರಿಂಗ್ ಬರಲು ಐದು ವಾರ ಹಿಡಿಯಿತು. ಹೋದ ಭಾನುವಾರ ಅದನ್ನು ಹಾಕಿ ಇಡೀ ತಂಡವನ್ನು ಸಾಲಾಗಿ ನಿಲ್ಲಿಸಿದೆ. ಮೊದಲ ಸುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಟಿಕ್ ಸದ್ದು ಬರಲಿಲ್ಲ. ಕತ್ತಲಾಗುವವರೆಗೆ ಒತ್ತಿಸಿದೆ. ಇನ್ನೂ ನಾಲ್ವರು ಉಳಿದಿದ್ದಾರೆ. ಅವರು ಬುಧವಾರ ಅರ್ಧ ಗಂಟೆ ಮೊದಲೇ ಬರುತ್ತಾರೆ.