ಕಾರ್ವರ್-ಹಾಕ್‌ಐ ಅರೀನಾ, ಎರಡು ಸೀಸನ್ ಟಿಕೆಟ್: ಎಡಗೈ ಮರ್ರೆನ ನೋಡೋಕೆ ಕೊಟ್ಟ ದುಡ್ಡು

ಸ್ಟಾರ್ ಮೊದ್ಲೇ ಹಾಕ್ಬಿಡ್ತೀನಿ, ಐದಕ್ಕೆ ನಾಲ್ಕು. ಅಮೆರಿಕಾದ ಅಯೋವಾ ಯೂನಿವರ್ಸಿಟಿ ಬಾಸ್ಕೆಟ್‌ಬಾಲ್‌ಗೆ ಟಿಕೆಟ್ ತಗೊಳ್ಳೋದಾ, ಟೀವೀಲೇ ನೋಡಿದ್ರೆ ಆಗಲ್ವಾ ಅಂತ ಈ ಕಡೆ ಹೊಸದಾಗಿ ಬಂದಿರೋ ನಮ್ಮವ್ರು ಇಬ್ರು ಮೂವರು ಕೇಳಿದ್ರು, ಒಬ್ಬೊಬ್ರಿಗೂ ಬೇರೆಬೇರೆ ಟೈಪ್ ಮಾಡ್ತಾ ಕೂರೋ ಬದ್ಲು ಒಂದೇ ಸಲ ಬರೆದು ಹಾಕ್ತಿದೀನಿ. ನಾನು ಹೋಗಿದ್ದು 2021-22, ಮತ್ತೆ 2022-23. ಮೊದಲ್ನೇ ವರ್ಷ ಆಗೊಮ್ಮೆ ಈಗೊಮ್ಮೆ, ಎರಡ್ನೇ ವರ್ಷ ಹೆಚ್ಚುಕಮ್ಮಿ ಎಲ್ಲಾ ಹೋಮ್ ಮ್ಯಾಚು. ಆಗ ನನ್ ಕೆಲ್ಸ ಸೀಡರ್ ರಾಪಿಡ್ಸಲ್ಲಿ, ಅಯೋವಾ ಸಿಟಿಗೆ ಕಾರಲ್ಲಿ ಅರ್ಧ ಗಂಟೆ, ಹಿಮ ಬಿದ್ರೆ ಎಷ್ಟೊತ್ತು ಅಂತ ದೇವ್ರಿಗೇ ಗೊತ್ತು.

ಅರೀನಾ ಹೊರಗಿಂದ ನೋಡಿದ್ರೆ ಇಷ್ಟೇನಾ ಅನ್ಸುತ್ತೆ. 1983ರಲ್ಲಿ ಶುರುವಾಗಿದ್ದು, ಗುಡ್ಡದೊಳಗೆ ಇಳಿಸಿ ಕಟ್ಟಿದಾರೆ, ಹಂಗಾಗಿ ಬಾಗ್ಲು ದಾಟಿದ ತಕ್ಷಣ ನೀವು ಮೇಲ್ಗಡೆ ಇರ್ತೀರ, ಕೋರ್ಟು ಆಳದಲ್ಲಿ ಕಾಣ್ಸುತ್ತೆ, ಥೇಟ್ ನಮ್ಮ ದೇವಸ್ಥಾನದ ಕಲ್ಯಾಣಿಗೆ ಮೆಟ್ಲು ಇಳಿದಂಗೆ ಇಳೀತಾ ಹೋಗ್ಬೇಕು, ಸುತ್ತ 15 ಸಾವಿರ ಚಿಲ್ರೆ ಸೀಟು. ಇಳಿಯೋವಾಗ ಮಜಾ, ಮ್ಯಾಚ್ ಮುಗಿಸ್ಕೊಂಡು ಹತ್ತೋವಾಗ ನನ್ನ ಬಲ ಮಂಡಿ ಪ್ರತಿ ಸಲ ಲೆಕ್ಕ ಕೇಳ್ತಿತ್ತು. ಇನ್ನೊಂದು ವಿಷ್ಯ, ಹೊರಗಡೆ ನಿಂತಿರೋ ಪ್ರತಿಮೆ ಬಾಸ್ಕೆಟ್‌ಬಾಲ್‌ನೋರದ್ದಲ್ಲ, ಡ್ಯಾನ್ ಗೇಬಲ್ ಅನ್ನೋ ಪೈಲ್ವಾನ್‌ದು, 1972ರ ಮ್ಯೂನಿಕ್ ಒಲಿಂಪಿಕ್ಸಲ್ಲಿ ಎದುರಾಳಿಗೆ ಒಂದೇ ಒಂದು ಪಾಯಿಂಟ್ ಬಿಟ್ಕೊಡದೆ ಚಿನ್ನ ಹೊಡ್ದೋನು. ಇಲ್ಲಿನೋರಿಗೆ ಕುಸ್ತಿ ಹುಚ್ಚು ಅಷ್ಟಿದೆ. ನಮ್ಮ ದಸರಾ ಕುಸ್ತಿ ಅಖಾಡದ ಮುಂದೆ ಬೆಳೆದ ಮೈಸೂರು ಫ್ರೆಂಡ್ ಒಬ್ಬ ಬಂದಾಗ ಮ್ಯಾಚ್ ಬಿಟ್ಟು ಆ ಪ್ರತಿಮೆ ಜೊತೆ ಹತ್ತು ಫೋಟೋ ತಗೊಂಡ.

ಟಿಕೆಟ್ ವಿಷ್ಯಕ್ಕೆ ಬರ್ತೀನಿ. ಮೊದಲ್ನೇ ವರ್ಷ ನಾನು ಒಂದು ರೀಸೇಲ್ ಆಪಲ್ಲಿ ಒಂದೊಂದೇ ಮ್ಯಾಚಿಗೆ ತಗೊಂಡೆ, ಹೆಸರು ಬೇಡ ಬಿಡಿ, ಮೊದಲು ತೋರ್ಸೋ ರೇಟು ನೋಡಿ ಖುಷಿಪಟ್ಟು ಮುಂದೆ ಒತ್ತುತ್ತಾ ಹೋದ್ರೆ ಕೊನೇ ಪೇಜಲ್ಲಿ ಸರ್ವಿಸ್ ಫೀ, ಆ ಫೀ ಈ ಫೀ ಅಂತ ಸೇರಿ ಮೂರನೇ ಒಂದು ಭಾಗ ಜಾಸ್ತಿ ಆಗಿರ್ತಿತ್ತು, ಅಷ್ಟೊತ್ತಿಗೆ ಮನಸ್ಸು ಮಾಡ್ಬಿಟ್ಟಿರ್ತಿದ್ದೆ, ಒತ್ತೇ ಬಿಡ್ತಿದ್ದೆ. ನಾನು ಕಟ್ ಮಾಡಿರೋ ಒಂದು ಸ್ಟಾರ್ ಪೂರ್ತಿ ಆ ಆಪ್ ಲೆಕ್ಕಕ್ಕೆ. ಎರಡ್ನೇ ವರ್ಷ ಬುದ್ಧಿ ಬಂದು ಆಫೀಸಲ್ಲಿ ಒಬ್ರ ಹತ್ರ ಸೀಸನ್ ಟಿಕೆಟ್ ಅರ್ಧಕ್ಕರ್ಧ ಹಂಚ್ಕೊಂಡೆ. ಹಾಸನದವ್ರು, ನಮಗಿಂತ ಸೀನಿಯರ್ರು, ನಾವೆಲ್ಲ ಗೌಡ್ರೇ ಅಂತಾನೇ ಕರೀತೀವಿ.

ಈಗ ಅಸಲಿ ಮಾಲು, ಅಂದ್ರೆ ಆಟ. ನಾನು ಹೋಗೋಕೆ ಶುರು ಮಾಡಿದ್ದು ಕೀಗನ್ ಮರ್ರೆ ನೋಡೋಕೆ. ಸೀಡರ್ ರಾಪಿಡ್ಸ್ ಹುಡುಗ, ಆರಡಿ ಎಂಟಿಂಚು, ಫಾರ್ವರ್ಡು. ಇವ್ನಿಗೆ ಒಬ್ಬ ಅವಳಿ, ಕ್ರಿಸ್ ಮರ್ರೆ, ಅವ್ನೂ ಅಷ್ಟೇ ಎತ್ತರ, ಅವ್ನೂ ಫಾರ್ವರ್ಡು, ಅದೇ ಟೀಮು. ಅವರಪ್ಪ ಕೆನ್ಯನ್ ಮರ್ರೆ ತೊಂಬತ್ತರ ದಶಕದಲ್ಲಿ ಇದೇ ಅಯೋವಾಗೆ ಆಡ್ದೋರು. ಇಷ್ಟಿದ್ರೂ ಹೈಸ್ಕೂಲ್ ಮುಗಿಸಿದಾಗ ದೊಡ್ಡ ಕಾಲೇಜು ಯಾವುದೂ ಈ ಹುಡುಗ್ರ ಕಡೆ ತಿರುಗಿ ನೋಡ್ಲಿಲ್ಲ, ವೆಸ್ಟರ್ನ್ ಇಲಿನಾಯ್ ಒಂದು ಬಿಟ್ರೆ. ಫ್ಲೋರಿಡಾಗೆ ಹೋಗಿ ಒಂದು ವರ್ಷ ಪ್ರೆಪ್ ಸ್ಕೂಲಲ್ಲಿ (ಕಾಲೇಜಿಗೆ ಮುಂಚೆ ತಯಾರಿ ಮಾಡ್ಸೋ ಸ್ಕೂಲು) ಬೆವರು ಸುರಿಸಿ ಆಮೇಲೆ ಅಯೋವಾ ಸೇರಿದ್ರು. ಕೀಗನ್ ಮೊದಲ್ನೇ ವರ್ಷ ಟೀಮಿನ ಆಗಿನ ಸ್ಟಾರ್ ಲೂಕಾ ಗಾರ್ಜಾ ನೆರಳಲ್ಲಿ ಮ್ಯಾಚಿಗೆ 7.2 ಪಾಯಿಂಟು, ಮಾರನೇ ವರ್ಷ 23.5. ಟೈಪಿಂಗ್ ಮಿಸ್ಟೇಕ್ ಅಲ್ಲ, ಮೂರುಪಟ್ಟು! ಮಾರ್ಚ್ 2022ರಲ್ಲಿ ಅಯೋವಾ ಆಡೋ ಕಾಲೇಜ್ ಲೀಗಾದ ಬಿಗ್ ಟೆನ್ ಟೂರ್ನಮೆಂಟ್ ಫೈನಲಲ್ಲಿ ಪರ್ಡ್ಯೂನ 75-66ರಲ್ಲಿ ಸೋಲ್ಸಿ ಕಪ್ ಎತ್ತಿದ್ರು, ನಾಲ್ಕೇ ದಿನಕ್ಕೆ ಇಡೀ ದೇಶದ ಕಾಲೇಜುಗಳ ಎನ್‌ಸಿಎಎ ಟೂರ್ನಮೆಂಟಲ್ಲಿ ಮೊದಲ್ನೇ ರೌಂಡಲ್ಲೇ ರಿಚ್ಮಂಡ್ ಕೈಲಿ 67-63ಕ್ಕೆ ಸೋತು ಮನೆಗೆ ಬಂದ್ರು. ಅಯೋವಾ ಫ್ಯಾನ್ ಆದ್ರೆ ಇದೆಲ್ಲ ಪ್ಯಾಕೇಜಲ್ಲೇ ಬರುತ್ತೆ, ಎಕ್ಸ್ಟ್ರಾ ಚಾರ್ಜ್ ಇಲ್ಲ.

ಆದ್ರೆ ನಂಗೆ ಟಿಕೆಟ್ ದುಡ್ಡು ವಸೂಲ್ ಮಾಡ್ಕೊಟ್ಟಿದ್ದು ಕೀಗನ್ ಅಲ್ಲ, ಕ್ರಿಸ್. 2022ರ ಜನವರಿ 13, ಗುರುವಾರ, ಇಂಡಿಯಾನಾ ಮೇಲೆ ಮ್ಯಾಚು, ಮೈನಸ್ ಚಳಿ, ಮೇಲೆ ಎಲ್ಲೋ ಮೂಲೆ ಸೀಟು. 24 ನಂಬರ್ ಜರ್ಸಿ ಬೆಂಚಿಂದ ಎದ್ದು ಬಂತು. ನಾನು ಮೊದಲು ಕೀಗನ್ನೇ ಅನ್ಕೊಂಡೆ, ಮುಖ ನಡಿಗೆ ಎಲ್ಲಾ ಒಂದೇ, ಆಮೇಲೆ ಬಾಲ್ ಎತ್ತಿದ ಕೈ ನೋಡಿದ್ರೆ ಎಡಗೈ. ಕೀಗನ್ ಬಲಗೈ, ಕ್ರಿಸ್ ಎಡಗೈ. ಕನ್ನಡಿ ಮುಂದೆ ನಿಲ್ಸಿದಂಗೆ. ಅವತ್ತು ಬೆಂಚಿಂದ ಬಂದ ಹುಡುಗ 29 ಪಾಯಿಂಟ್ ಹೊಡ್ದ, 11 ರೀಬೌಂಡು, ಅಂದ್ರೆ ರಿಂಗಿಗೆ ಬೀಳ್ದೆ ವಾಪಸ್ ಬಂದ ಬಾಲ್ ಹಿಡಿಯೋದು. ಪಕ್ಕದ ಸೀಟಲ್ಲಿದ್ದ ಅಜ್ಜಿ ಪಾಪ್‌ಕಾರ್ನ್ ಡಬ್ಬ ಅಲ್ಲೇ ಇಟ್ಟು ಎದ್ದು ನಿಂತು ಚಪ್ಪಾಳೆ ಹೊಡೀತಿದ್ರು, ನಾನೂ ಎದ್ದೆ, ಡಬ್ಬ ಬಿತ್ತು, ಬೈಲಿಲ್ಲ ಪುಣ್ಯಾತ್ಗಿತ್ತಿ.

ಟೀವಿ ಮುಂದೆ ಕೂತೋರಿಗೆ ಇದು ಗೊತ್ತಾಗಲ್ಲ ಅಂತ ನಾನು ಹೇಳೋದು ಇಲ್ಲೇ. ಕ್ಯಾಮೆರಾ ಬಾಲ್ ಹಿಂದೆ ಹೋಗುತ್ತೆ. ಸೀಟಲ್ಲಿ ಕೂತೋರು ಬಾಲ್ ಇಲ್ದೋನ ಹಿಂದೆ ಹೋಗ್ಬೋದು. ನಾನು ಎರಡ್ನೇ ವರ್ಷ ಪೂರ್ತಿ ಮಾಡಿದ್ದು ಅದನ್ನೇ, ಒಂದು ಹಾಫ್ ಪೂರ್ತಿ ಬರೀ ಕ್ರಿಸ್‌ನೇ ನೋಡೋದು. ಅವ್ನು ಕಾರ್ನರಲ್ಲಿ ನಿಂತು, ತನ್ನ ಮೇಲಿರೋ ಡಿಫೆಂಡರ್ ತಲೆ ಬಾಲ್ ಕಡೆ ತಿರುಗೋದನ್ನ ಕಾಯ್ತಿರ್ತಾನೆ, ತಿರುಗಿದ ಕ್ಷಣ ಬೇಸ್‌ಲೈನ್ (ರಿಂಗ್ ಹಿಂದಿನ ಗೆರೆ) ಹಿಡ್ಕೊಂಡು ಹಾಲಿನ ಪಾತ್ರೆ ಹತ್ರ ಬರೋ ಬೆಕ್ಕಿನಂಗೆ ರಿಂಗ್ ಕೆಳಗೆ ಬಂದಿರ್ತಾನೆ, ಪಾಸ್ ಬಂದ್ರೆ ಎಡಗೈಲಿ ಸುಮ್ನೆ ಒಳಗಿಡೋದು, ಬರ್ಲಿಲ್ಲ ಅಂದ್ರೆ ಮುಖದಲ್ಲಿ ಏನೂ ಇಲ್ಲ, ವಾಪಸ್ ಕಾರ್ನರ್‌ಗೆ. ಹತ್ತು ಸಲ ಹಂಗೆ ಓಡಿದ್ರೆ ಎರಡು ಸಲ ಬಾಲ್ ಸಿಗುತ್ತೆ. ಉಳಿದ ಎಂಟು ಓಟ ಯಾವ ಸ್ಕೋರ್‌ಶೀಟಲ್ಲೂ ಬರಲ್ಲ. ನಾನು ಸ್ಕೂಲಲ್ಲಿ ಸಿಮೆಂಟ್ ಕೋರ್ಟು, ನೆಟ್ ಇಲ್ದಿರೋ ರಿಂಗಲ್ಲಿ ಆಡ್ದೋನು, ನಮ್ಮ ಪಿಟಿ ಮೇಷ್ಟ್ರು ಬಾಲ್ ಇಲ್ದಾಗ ಓಡ್ರೋ ಅಂತ ಬೈದ್ರೆ ಯಾಕೆ ಸಾರ್ ಅಂತ ನಿಂತಲ್ಲೇ ನಿಂತಿರ್ತಿದ್ವಿ.

ಪೊಟೆನ್ಶಿಯಲ್ ಅನ್ನೋ ಮಾತು ಕೇಳಿದ್ರೆ ನಂಗೆ ಸೈಟ್ ಮಾರೋ ಬ್ರೋಕರ್ ನೆನಪಾಗ್ತಾನೆ, ಮುಂದೆ ಇಲ್ಲೇ ರಿಂಗ್ ರೋಡ್ ಬರುತ್ತೆ ಸಾರ್ ಈಗ್ಲೇ ಹಾಕ್ಬಿಡಿ ಅಂತ. ಕೀಗನ್ನ 2022ರ ಡ್ರಾಫ್ಟಲ್ಲಿ, ಅಂದ್ರೆ ಎನ್‌ಬಿಎ ಅನ್ನೋ ಪ್ರೊಫೆಷನಲ್ ಲೀಗಿನ ಟೀಮುಗಳು ಸರದಿ ಮೇಲೆ ಹೊಸ ಹುಡುಗ್ರನ್ನ ಆರಿಸ್ಕೊಳ್ಳೋದ್ರಲ್ಲಿ, ಸ್ಯಾಕ್ರಮೆಂಟೊ ಕಿಂಗ್ಸ್ ನಾಲ್ಕನೇ ನಂಬರಲ್ಲಿ ಎತ್ಕೊಂಡಿದ್ದೇ ತಡ (ಆ ಟೀಮಿನ ಓನರ್ ವಿವೇಕ್ ರಣದಿವೆ ಮುಂಬೈಲಿ ಹುಟ್ಟಿದೋರು, 2019ರಲ್ಲಿ ಟೀಮನ್ನ ಮುಂಬೈಗೇ ಕರ್ಕೊಂಡೋಗಿ ಆಡ್ಸಿದ್ರು) ಅಯೋವಾಲಿ ಎಲ್ರೂ ಇನ್ನೊಬ್ಬ ಅವಳಿ ಮೇಲೆ ಸೈಟ್ ಬುಕ್ ಮಾಡಿದ್ರು. ಅದೇ ರಕ್ತ, ಅದೇ ಎತ್ತರ, ಅದೇ ಕೋಚ್ ಫ್ರಾನ್ ಮೆಕಾಫ್ರಿ, ಹಂಗಾದ್ರೆ ಈ ವರ್ಷ ಇವ್ನೂ ಹಂಗೇ ಅಂತ. ನಾನೂ ಅದೇ ಗುಂಪು. ಗೌಡ್ರು ಒಬ್ರೇ ಒಪ್ಲಿಲ್ಲ. "ಕೈ ಬೇರೆ ಕಣ್ರೀ, ಆಟಾನೂ ಬೇರೆ ಇರುತ್ತೆ, ಸುಮ್ನಿರಿ" ಅಂದ್ರು. ಕ್ರಿಸ್ ಕೀಗನ್ ಥರಾನೇ ಆಗ್ತಾನೆ ಅಂತ ನಾನು, ಆಗಲ್ಲ ಅಂತ ಅವ್ರು, ಮಸಾಲೆ ದೋಸೆ ಪಾರ್ಟಿ ಪಂದ್ಯ ಕಟ್ಟಿದ್ವಿ, ಹಿಟ್ಟು ರುಬ್ಬೋದ್ರಿಂದ ಹಿಡ್ದು ಎಲ್ಲಾ ಸೋತೋರೇ ಮಾಡ್ಬೇಕು ಅಂತ.

ನವೆಂಬರ್ 29, ಮಂಗಳವಾರ, ಜಾರ್ಜಿಯಾ ಟೆಕ್ ಮೇಲೆ ಕ್ರಿಸ್ 31 ಪಾಯಿಂಟ್, 20 ರೀಬೌಂಡ್. ಇಪ್ಪತ್ತು! ಅವತ್ತು ವಾಪಸ್ ಬರ್ತಾ ಕಾರಲ್ಲಿ ನಾನು ಗೌಡ್ರಿಗೆ ಉದ್ದಿನಬೇಳೆ ಎಲ್ಲಿ ಅಗ್ಗ ಸಿಗುತ್ತೆ ಅಂತ ಹೇಳ್ಕೊಂಡೇ ಬಂದೆ. ಡಿಸೆಂಬರಲ್ಲಿ ಗಾಯ ಆಗಿ ಕೂತ. ಅವ್ನಿಲ್ದೆ ಡಿಸೆಂಬರ್ 21ಕ್ಕೆ ಈಸ್ಟರ್ನ್ ಇಲಿನಾಯ್ ಅನ್ನೋ ಲೆಕ್ಕಕ್ಕೇ ಇಲ್ದಿರೋ ಟೀಮು ಇದೇ ಕಾರ್ವರಲ್ಲಿ ಬಂದು 92-83 ಹೊಡ್ಕೊಂಡು ಹೋಯ್ತು, ಬೆಟ್ಟಿಂಗ್‌ನೋರು ಅಯೋವಾ ಮೂವತ್ತಕ್ಕೂ ಜಾಸ್ತಿ ಪಾಯಿಂಟಲ್ಲಿ ಗೆಲ್ಲುತ್ತೆ ಅಂತ ಇಟ್ಟಿದ್ರಂತೆ. ಅವತ್ತು ನಾನೊಬ್ನೇ ಹೋಗಿದ್ದೆ, ಗೌಡ್ರು ಬಂದಿರ್ಲಿಲ್ಲ, ಫೋನಲ್ಲಿ ಸ್ಕೋರ್ ಹೇಳಿದ್ರೆ ತಮಾಷೆ ಮಾಡ್ಬೇಡ್ರೀ ಅಂದ್ರು. ಒಬ್ಬ ಆಟಗಾರನ ಬೆಲೆ ಎಷ್ಟು ಅಂತ ಅವ್ನಿಲ್ದಿರೋ ದಿನ ತೋರಿಸ್ಕೊಟ್ಟಷ್ಟು ಇನ್ಯಾವ ದಿನಾನೂ ತೋರಿಸ್ಲಿಲ್ಲ.

ಸೀಸನ್ ಮುಗಿದಾಗ ಕ್ರಿಸ್ ಮ್ಯಾಚಿಗೆ 20.2 ಪಾಯಿಂಟ್, 7.9 ರೀಬೌಂಡ್. ಹಿಂದಿನ ವರ್ಷ ಪಾಯಿಂಟು 9.7 ಇತ್ತು. ಪೇಪರಲ್ಲಿ ನೋಡಿದ್ರೆ ನಾನು ಗೆದ್ದೆ. ಆದ್ರೆ ಸೀಟಲ್ಲಿ ಕೂತು ನೋಡ್ದೋನಿಗೆ ಹೊಟ್ಟೇಲಿ ಒಂದು ಸಣ್ಣ ಅನುಮಾನ ಇತ್ತು, ಏನಂದ್ರೆ ಅವ್ನ ತ್ರೀ ಪಾಯಿಂಟ್ ಶಾಟು, ದೂರದ ಗೆರೆ ಆಚೆಯಿಂದ ಹೊಡೆಯೋದು. ಹಿಂದಿನ ವರ್ಷ ಶೇಕಡಾ 38.7 ಬೀಳ್ತಿತ್ತು, ಈ ವರ್ಷ 33.5ಕ್ಕೆ ಇಳೀತು. ಕಾರಣ ಕಣ್ಣಿಗೇ ಕಾಣ್ಸೋದು, ಬೆಂಚಿಂದ ಬರೋವಾಗ ಡಿಫೆನ್ಸ್ ಎಲ್ಲಾ ಕೀಗನ್ ಕಡೆ ಇರ್ತಿತ್ತು, ಕ್ರಿಸ್‌ಗೆ ನಿಂತಲ್ಲೇ ಆರಾಮಾಗಿ ಹೊಡೆಯೋ ಬಾಲ್ ಸಿಗ್ತಿತ್ತು, ಈಗ ಅವ್ನೇ ಟೀಮಿನ ಯಜಮಾನ, ಪ್ರತಿ ಸಲ ಮುಖದ ಮುಂದೆ ಒಂದು ಕೈ, ಡ್ರಿಬಲ್ ಹೊಡ್ಕೊಂಡು ತಾನೇ ಜಾಗ ಮಾಡ್ಕೋಬೇಕು. ಕೀಗನ್‌ಗೆ ಇದೇ ಭಾರ ಬಿದ್ದ ವರ್ಷ ತ್ರೀ ಶೇಕಡಾ 40ರ ಹತ್ರ ಹೋಗಿತ್ತು. ಭಾರ ಹೊತ್ತಾಗ ಶಾಟ್ ಏನಾಗುತ್ತೆ, ಇಬ್ರಿಗೂ ಇರೋ ವ್ಯತ್ಯಾಸ ಪೂರ್ತಿ ಅಲ್ಲೇ ಇತ್ತು, ನಾನು ನೋಡ್ದೆ, ನೋಡೀನೂ ದೋಸೆ ಆಸೇಗೆ ಸುಮ್ನಾದೆ.

ಮಧ್ಯದಲ್ಲಿ ಫೆಬ್ರವರಿ 25ರ ಶನಿವಾರ ಹೇಳ್ದೇ ಇದ್ರೆ ಈ ರಿವ್ಯೂ ಸುಳ್ಳಾಗುತ್ತೆ. ಮಿಶಿಗನ್ ಸ್ಟೇಟ್ ಮೇಲೆ ಒಂದೂವರೆ ನಿಮಿಷ ಬಾಕಿ, 13 ಪಾಯಿಂಟ್ ಹಿಂದೆ. ಗೌಡ್ರು ಎದ್ರು, ಪಾರ್ಕಿಂಗಲ್ಲಿ ಸಿಕ್ಕಾಕೊಂಡ್ರೆ ಮುಗೀತು ನಡೀರಿ ಅಂತ. ಕಾರು ಅವ್ರದ್ದು, ಏನ್ ಮಾಡ್ಲಿ, ಎದ್ದೆ. ಮೆಟ್ಲು ಅರ್ಧ ಹತ್ತಿದ್ವಿ, ಹಿಂದಿಂದ ಒಂದು ಗದ್ಲ, ತಿರುಗಿದ್ರೆ ತ್ರೀ ಬಿತ್ತು, ಎರಡು ಮೆಟ್ಲು ಹತ್ತಿದ್ವಿ, ಇನ್ನೊಂದು ತ್ರೀ, ನನ್ ಮಂಡಿ ನೋವೂ ಮರ್ತೋಯ್ತು, ಗೌಡ್ರು ಕೈಗಂಬಿ ಹಿಡ್ಕೊಂಡು ಅಲ್ಲೇ ಮೆಟ್ಲ ಮೇಲೆ ಕೂತ್ಬಿಟ್ರು, ಕೂತೋರು ಓವರ್‌ಟೈಮ್ ಮುಗಿಯೋವರ್ಗೂ ಏಳ್ಲಿಲ್ಲ. 112-106, ಅಯೋವಾ ಗೆಲುವು. ನಮ್ಮ ಟೀಮಿನ ಪೇಟನ್ ಸ್ಯಾಂಡ್‌ಫರ್ಟ್ ಕೊನೇ ಸೆಕೆಂಡುಗಳಲ್ಲಿ ಸಮ ಮಾಡಿದ ಆ ಶಾಟ್ ನಾನು ನೋಡಿದ್ದು ಮೆಟ್ಲ ಮೇಲೆ ಒಂಟಿಕಾಲಲ್ಲಿ ನಿಂತು. ಗುಡ್ಡದೊಳಗೆ ಇಳಿಸಿ ಕಟ್ಟಿರೋದ್ರ ಲಾಭ ಇದೇ, ಬಿಟ್ಟು ಹೋಗ್ತೀನಿ ಅಂದ್ರೂ ಮೇಲಿನ ಬಾಗ್ಲು ಮುಟ್ಟೋವರ್ಗೂ ಕೋರ್ಟು ಕಣ್ಣಿಗೆ ಬೀಳ್ತಾನೇ ಇರುತ್ತೆ.

ಪಂದ್ಯದ ಕಥೆ. 2023ರ ಡ್ರಾಫ್ಟಲ್ಲಿ ಕ್ರಿಸ್‌ನ ಪೋರ್ಟ್‌ಲ್ಯಾಂಡ್ ಅನ್ನೋ ಎನ್‌ಬಿಎ ಟೀಮು 23ನೇ ನಂಬರಲ್ಲಿ ತಗೊಂಡ್ತು. ಮೊದಲ್ನೇ ವರ್ಷ ಮ್ಯಾಚಿಗೆ ಆರು ಪಾಯಿಂಟ್ ಆಸುಪಾಸು, ತ್ರೀ ಬಿದ್ದಿದ್ದು ಶೇಕಡಾ 27ರ ಹತ್ರ. ಕೀಗನ್ ಅಷ್ಟೊತ್ತಿಗೆ ರೂಕಿ, ಅಂದ್ರೆ ಎನ್‌ಬಿಎ ಮೊದಲ್ನೇ ವರ್ಷದಲ್ಲೇ 206 ತ್ರೀ ಹಾಕಿ, ಹೊಸಬರಲ್ಲಿ ಡೊನೊವನ್ ಮಿಚೆಲ್‌ಗಿದ್ದ 187ರ ದಾಖಲೆ ಮುರಿದಾಗಿತ್ತು, 2023ರ ಡಿಸೆಂಬರ್ 16ಕ್ಕೆ ಯೂಟಾ ಮೇಲೆ ಒಂದೇ ಮ್ಯಾಚಲ್ಲಿ 12 ತ್ರೀ, 47 ಪಾಯಿಂಟ್ ಹೊಡ್ದ. ಪಂದ್ಯ ಸೋತೆ ಅಂತ ಒಪ್ಕೊಂಡು ನಾನು ಶನಿವಾರ ರಾತ್ರಿ ಅಕ್ಕಿ ಉದ್ದು ನೆನೆಹಾಕ್ದೆ, ಆ ಚಳೀಲಿ ಹಿಟ್ಟು ಹುದುಗ್ಲಿಲ್ಲ, ಓವನ್ ಲೈಟ್ ಹಾಕಿ ಒಳಗಿಟ್ಟು ಭಾನುವಾರ ಮಧ್ಯಾಹ್ನ ಎರಡಕ್ಕೆ ದೋಸೆ ಹಾಕ್ದೆ, ಗೌಡ್ರು ಆರು ತಿಂದ್ರು.

ಆದ್ರೂ ಕ್ರಿಸ್ ವಿಷ್ಯದಲ್ಲಿ ನಾನು ಪೂರ್ತಿ ಸೋತಿಲ್ಲ ಅಂತಾನೇ ನನ್ ವಾದ. ಪೋರ್ಟ್‌ಲ್ಯಾಂಡ್ ಮ್ಯಾಚ್ ಹಾಕ್ಕೊಂಡಾಗ ಈಗ್ಲೂ ಅದೇ ನೋಡ್ತೀನಿ, ಬೇಸ್‌ಲೈನ್ ಓಟ, ಎದುರು ಟೀಮಿನ ದೊಡ್ಡ ಕುಳನ್ನ ಕಾಯೋ ಕೆಲ್ಸ, ಬಾಲ್ ಬರ್ದಿದ್ರೆ ಮುಖದಲ್ಲಿ ಏನೂ ಇಲ್ಲ. ಕಾಲೇಜಲ್ಲಿ ಯಜಮಾನ ಆಗಿ 20 ಹೊಡೆಯೋನು ಮೇಲೆ ಹೋಗಿ ಮತ್ತೆ ಬೆಂಚ್ ಹುಡುಗನ ಕೆಲ್ಸ ಮಾಡ್ಬೇಕಾಗುತ್ತೆ, ಆ ಕೆಲ್ಸ ಅವ್ನಿಗೆ 2022ರ ಜನವರೀಲೇ ಬರ್ತಿತ್ತು. ಶಾಟ್ ಒಂದು ಸರಿಹೋದ್ರೆ ಹತ್ತು ವರ್ಷ ಆಡ್ತಾನೆ. ಸರಿಹೋಗ್ಲಿಲ್ಲ ಅಂದ್ರೆ ಕಷ್ಟ. ಗೌಡ್ರು ಇನ್ನೊಂದು ಪಂದ್ಯಕ್ಕೆ ಕರೀತಿದಾರೆ, ಈ ಸಲ ಬಿಸಿಬೇಳೆಬಾತ್ ಅಂತೆ.

ಹೋಗೋರಿಗೆ ಒಂದೆರಡು ಮಾತು. ಅರೀನಾದಲ್ಲಿ ಕೋರ್ಟ್ ಉದ್ದಕ್ಕೆ ಇರೋ ಸೀಟಿಗಿಂತ ರಿಂಗ್ ಹಿಂದಿನ ಕಡೆ, ಸ್ವಲ್ಪ ಮೇಲೆ ತಗೊಳ್ಳಿ, ಅಗ್ಗಾನೂ ಸಿಗುತ್ತೆ, ಬಾಲ್ ಇಲ್ದೋರು ಎಲ್ಲಿ ಓಡ್ತಾರೆ ಅಂತ ನಕಾಶೆ ಥರ ಕಾಣ್ಸುತ್ತೆ. ಒಂದು ಗಂಟೆ ಮುಂಚೆ ಹೋಗಿ, ವಾರ್ಮಪಲ್ಲಿ ಬೆಂಚ್ ಹುಡುಗ್ರು ಶೂಟ್ ಮಾಡೋದನ್ನ ನೋಡಿ, ಮುಂದಿನ ವರ್ಷದ ಟೀಮು ಅಲ್ಲಿರುತ್ತೆ. ಜಾಕೆಟ್ ಇಟ್ಕೊಳ್ಳೋಕೆ ಜಾಗ ಇರಲ್ಲ, ತೊಡೆ ಮೇಲೇ ಇಟ್ಕೋಬೇಕು. ಚಕ್ಲಿ ನಿಪ್ಪಟ್ಟು ಕಾರಲ್ಲೇ ಮುಗಿಸ್ಕೊಂಡು ಹೋಗಿ. ಮತ್ತೆ ಸ್ಕೋರ್ ಎಷ್ಟೇ ಆಗಿರ್ಲಿ, ಕಾರ್ ಕೀ ನಿಮ್ ಹತ್ರಾನೇ ಇಟ್ಕೊಳ್ಳಿ.