ಬಾರ್ಜ್ ಸಾಲಕ್ಕೆ ಸಹಿ ಹಾಕೋ ಮುಂಚೆ ಖಾತೆಯ ಷರತ್ತು ಓದ್ರೀ

ಗೋವಾದಲ್ಲಿ ಗಣಿ ಮತ್ತೆ ಶುರುವಾಗಿದೆ. ಹೋದ ವಾರ ಹುಬ್ಬಳ್ಳಿ ಗೋಕುಲ ರಸ್ತೆಯ ನಮ್ಮ ಆಫೀಸಿಗೆ ಗದಗಿನ ಒಬ್ಬ ಹುಡುಗ ಬಂದಿದ್ದ. ನಾಲ್ಕು ಲಾರಿ ಇಟ್ಟಿದ್ದಾನೆ, ಈಗ ಅದಿರು ಸಾಗಿಸೋಕೆ ಹಳೇ ಬಾರ್ಜ್, ಅಂದರೆ ನದಿಯಲ್ಲಿ ಸರಕು ಹೊರೋ ಚಪ್ಪಟೆ ತಳದ ಹಡಗು, ಒಂದನ್ನು ಕೊಳ್ಳುತ್ತಾನಂತೆ. "ಬ್ಯಾಂಕಿನವ್ರು ಒಪ್ಪ್ಯಾರ ಕಾಕಾ, ಬಡ್ಡೀನೂ ಕಡಿಮಿ" ಅಂದ. ಬಾಡಿಗೆ ಬೀಳೋ ಖಾತೆ ಯಾರ ಕೈಯಲ್ಲಿರುತ್ತೆ ಅಂತ ಕೇಳಿದೆ. "ನನ್ನ ಹೆಸರಿನ್ಯಾಗ ಇರತೈತ್ರಿ" ಅಂದ. ಹೊಟ್ಟೆಯಲ್ಲಿ ಬೆಂಕಿ ಬಿದ್ದಂಗಾಯಿತು. 2016ರಲ್ಲಿ ಬಾರ್ಜಿಗೆ ಸಾಲ ಮಾಡುವಾಗ ನಾನೂ ಇದೇ ಮಾತು ಆಡಿದ್ದೆ. ಇಷ್ಟು ವರ್ಷ ಮನೆಯವರಿಗೂ ಪೂರ್ತಿ ಹೇಳಿಲ್ಲ. ಇವತ್ತು ಬರೆದೇ ಬಿಡುತ್ತೇನೆ.

ಲಾರಿ ಸಾಲ ನಮಗೆಲ್ಲ ಗೊತ್ತು. ಬಾಡಿಗೆ ನಮ್ಮ ಕೈಗೆ ಬರುತ್ತೆ, ಡೀಸೆಲ್, ಟೈರ್, ಡ್ರೈವರ್ ಭತ್ಯೆ ಕಳೆದು ಕಂತು ಕಟ್ಟುತ್ತೇವೆ. ಹಡಗಿನ ಸಾಲ ಹಂಗಲ್ಲ. ಬಾಡಿಗೆ ಮೊದಲು ಬ್ಯಾಂಕಿನಲ್ಲಿರೋ 'ಅರ್ನಿಂಗ್ಸ್ ಅಕೌಂಟ್'ಗೇ ಬೀಳಬೇಕು. ಆ ಖಾತೆಯೂ ಸಾಲಕ್ಕೆ ಅಡವು. ಮೂರು ತಿಂಗಳಿಗೊಮ್ಮೆ ನನ್ನ ಕಂತು 7 ಲಕ್ಷ. ಅದರ ಮೂರನೇ ಒಂದು ಪಾಲು, ಜೊತೆಗೆ ಆ ತಿಂಗಳ ಬಡ್ಡಿ, ತಿಂಗಳು ತಿಂಗಳು 'ರಿಟೆನ್ಶನ್ ಅಕೌಂಟ್' ಅನ್ನೋ ಇನ್ನೊಂದು ಖಾತೆಗೆ ಹೋಗುತ್ತಿತ್ತು. ಅದನ್ನು ಮುಟ್ಟೋ ಹಾಗೇ ಇಲ್ಲ. ಅದರ ಮೇಲೆ 10 ಲಕ್ಷ ಯಾವಾಗಲೂ ಉಳಿದಿರಬೇಕು. ಮಿಕ್ಕಿದ್ದು ನಮ್ಮದು ಅಂತ ನಾನು ತಿಳಿದಿದ್ದೆ. ಅಲ್ಲೇ ಮೋಸ ಹೋದೆ.

2017ರ ಜೂನ್. ಮಳೆ ಹಿಡಿದರೆ ಆಗ್ವಾದ ಹತ್ತಿರ ನದಿ ಬಾಯಲ್ಲಿರೋ ಮರಳದಿಬ್ಬದ ಮೇಲೆ ಅಲೆ ಏಳುತ್ತವೆ, ಮಾಂಡೋವಿಯಿಂದ ಮಾರ್ಮಗೋವಾ ಬಂದರಿಗೆ ಬಾರ್ಜ್ ಆ ದಾರಿಯಲ್ಲಿ ಹೋಗೋದಿಲ್ಲ. ಎಲ್ಲರೂ ರಿಪೇರಿ ಮಾಡಿಸೋದು ಆಗಲೇ. ಯಾರ್ಡಿನ ಮೇಸ್ತ್ರಿ ನನ್ನೆದುರೇ ಬಾರ್ಜಿನ ತಳಕ್ಕೆ ಸುತ್ತಿಗೆಯಿಂದ ಬಡಿದ. ಕಡಕ್ ರೊಟ್ಟಿ ಮುರಿದಂಗೆ ತುಕ್ಕಿನ ಪದರ ಚೂರು ಚೂರಾಗಿ ನನ್ನ ಚಪ್ಪಲಿ ಮೇಲೆ ಉದುರಿತು. ತಗಡು ಬದಲಿಸೋಕೆ 18 ಲಕ್ಷ ಅಂದ. ಖಾತೆಯಲ್ಲಿ 31 ಲಕ್ಷ ಇತ್ತು. ನಿಶ್ಚಿಂತೆಯಿಂದ ಚೆಕ್ ಬರೆದು ಕೊಟ್ಟೆ. ಚೆಕ್ ವಾಪಸ್ ಬಂತು!

ಮೂವತ್ತೊಂದು ಲಕ್ಷ ಇದ್ದ ಖಾತೆಯ ಚೆಕ್ ವಾಪಸ್. ಯಾರ್ಡಿನವನು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಲಾರಿ ಲೈನಿನಲ್ಲಿ ಮೂವತ್ತು ವರ್ಷ ದುಡಿದಿದ್ದೇನೆ, ನನ್ನ ಚೆಕ್ ಯಾವತ್ತೂ ವಾಪಸ್ ಬಂದಿರಲಿಲ್ಲ.

ಮಾರನೇ ದಿನ ಬ್ಯಾಂಕಿಗೆ ಹೋದೆ. ಹೆಸರು ಬರೆಯೋದಿಲ್ಲ. ಸಾಲದ ವಿಭಾಗದಲ್ಲಿದ್ದವರು ನಮ್ಮ ಧಾರವಾಡ ಕಡೆಯವರೇ. ಅವರು ಹೇಳಿದ್ದು ಅಕ್ಷರಶಃ ನೆನಪಿದೆ: "ಸರ, ರೊಕ್ಕಾ ನಿಮ್ದ. ತಗೀಲಿಕ್ಕೆ ಪರ್ಮಿಶನ್ ಮಾತ್ರ ನಮ್ದ."

ಯಾಕ್ರೀ, ಕಂತು ಒಂದಾದರೂ ತಪ್ಪಿದೆಯಾ ಅಂದೆ. "ಕಂತು ಎಲ್ಲಾ ಬರೋಬ್ಬರಿ ಬಂದಾವ್ರಿ. ಇನ್ಶೂರೆನ್ಸ್ ಪಾಲಿಸಿ ಕಾಪಿ ಒಂಬತ್ತು ದಿನ ತಡಾ ಆಗೇದ. ಪೊಟೆನ್ಶಿಯಲ್ ಡಿಫಾಲ್ಟ್ ಅಂತ ಸಿಸ್ಟಮ್ ತೋರಸ್ತೈತಿ." ಅಂದರೆ ಕರಾರು ತಪ್ಪೋ ಸಂಭವ ಇದೆ ಅಂತ. ಪ್ರೀಮಿಯಂ ಸರಿಯಾದ ಹೊತ್ತಿಗೇ ಕಟ್ಟಿದ್ದೆ. ಪರಿಹಾರದ ಹಣ ಬ್ಯಾಂಕಿಗೆ ಹೋಗಬೇಕು ಅಂತ ಹೆಸರು ಸೇರಿಸಿದ ಕಾಗದ ಬರೋದು ತಡವಾಗಿತ್ತು, ಅಷ್ಟೇ. ಆ ಒಂದು ಕಾಗದಕ್ಕೆ ಪೂರ್ತಿ ಖಾತೆಗೇ ಬೀಗ. ಒಂದು ಫೋನ್ ಮಾಡಬಾರದಿತ್ತಾ? "ಇ-ಮೇಲ್ ಕಳಿಸೀವಲ್ರಿ" ಅಂದರು. ಅವತ್ತೇ ಕಾಗದ ಕೊಟ್ಟೆ. ಆಮೇಲೆ "ಮುಂಬೈನಿಂದ ವೇವರ್ ಬರಬೇಕ್ರಿ" ಅಂತ ಶುರುವಾಯಿತು. ವೇವರ್ ಅಂದರೆ ಆ ತಪ್ಪನ್ನು ಮನ್ನಿಸಿದ್ದೇವೆ ಅನ್ನೋ ಒಪ್ಪಿಗೆ. ಏಳು ವಾರ! ಏಳು ವಾರ ಅದೇ ಮಾತು, ಮುಂಬೈ, ಮುಂಬೈ.

ಕೊನೆಗೆ ಕರಾರು ತೆಗೆದು ತೋರಿಸಿದರು. 94 ಪುಟ, ಪ್ರತಿ ಪುಟದ ಕೆಳಗೆ ನನ್ನದೇ ಸಹಿ. ಡಿಫಾಲ್ಟ್ ಆಗಿದ್ದರೆ ಅಥವಾ ಆಗುವ ಸಂಭವ ಇದ್ದರೂ ಸಾಕು, ಬ್ಯಾಂಕ್ ಒಪ್ಪದೆ ಹಣ ತೆಗೆಯುವಂತಿಲ್ಲ ಅಂತ ಸ್ಪಷ್ಟವಾಗಿ ಬರೆದಿದೆ. ಸಹಿ ಮಾಡಿಸಿಕೊಂಡ ದಿನ ನೆನಪಾಯಿತು. ಮೂಲೆ ಎತ್ತಿ ಎತ್ತಿ ಪುಟ ಸರಿಸುತ್ತಿದ್ದರು, ಸಹಿ ಜಾಗ ಮಾತ್ರ ಕಾಣುತ್ತಿತ್ತು. "ಇಲ್ಲಿ ಸರ, ಇಲ್ಲಿ ಸರ, ಎಲ್ಲಾ ಸ್ಟ್ಯಾಂಡರ್ಡ್ ಐತ್ರಿ." ನಡುವೆ ಚಹಾ ಬೇರೆ ಕುಡಿಸಿದರು.

ಮುಂದಿನ ಬಾಡಿಗೆ ನನ್ನ ಬೇರೆ ಖಾತೆಗೆ ಹಾಕ್ರಿ ಅಂತ ರಫ್ತು ಕಂಪನಿಯ ಲೆಕ್ಕದವರಿಗೆ ಕೇಳಿದೆ. ಅವರು ಒಂದು ಪತ್ರ ಮುಂದಿಟ್ಟರು. ಬಾಡಿಗೆ ಹಕ್ಕನ್ನು ಬ್ಯಾಂಕಿಗೆ ಬರೆದುಕೊಟ್ಟಿದ್ದೇನೆ, ಬ್ಯಾಂಕ್ ಹೇಳದೆ ಖಾತೆ ಬದಲಿಸಬೇಡಿ ಅಂತ. ಅದಕ್ಕೂ ನನ್ನದೇ ಸಹಿ. ಅಲ್ಲಿಂದ ತಲೆ ತಗ್ಗಿಸಿ ಎದ್ದು ಬಂದೆ.

ನನ್ನ 31 ಲಕ್ಷ ಕರೆಂಟ್ ಅಕೌಂಟಿನಲ್ಲಿ ಒಂದು ಪೈಸೆ ಬಡ್ಡಿ ಇಲ್ಲದೆ ಕೂತಿತ್ತು. ನಾನು ದುರ್ಗದಬೈಲಿನ ಪರಿಚಯದವರ ಹತ್ತಿರ ಎರಡು ರೂಪಾಯಿ ಬಡ್ಡಿಗೆ 18 ಲಕ್ಷ ತಂದು ಯಾರ್ಡಿಗೆ ಕಟ್ಟಿದೆ. ಬಾರ್ಜ್ ನೀರಿಗಿಳಿದಿದ್ದು ನವೆಂಬರ್ ಕೊನೆಗೆ. 2018ರ ಫೆಬ್ರವರಿ 7ಕ್ಕೆ ಸುಪ್ರೀಂ ಕೋರ್ಟ್ ಗೋವಾದ 88 ಗಣಿ ಗುತ್ತಿಗೆ ರದ್ದು ಮಾಡಿತು, ಮಾರ್ಚ್ 16ರಿಂದ ಗಣಿಗಾರಿಕೆ ಬಂದ್. ಖಾತೆಯಲ್ಲಿ ಉಳಿದದ್ದನ್ನೆಲ್ಲ ಬ್ಯಾಂಕ್ ಸಾಲಕ್ಕೆ ಮುರಿದುಕೊಂಡಿತು. ಬಾರ್ಜ್ ನಡೆಸೋ ಸಾರಂಗ, ಅದರಲ್ಲಿ ಕೆಲಸ ಮಾಡೋ ಖಲಾಸಿಗಳ ಎರಡು ತಿಂಗಳ ಪಗಾರಕ್ಕೂ ಬಿಡಲಿಲ್ಲ. ತಾರಿಹಾಳದ ಪ್ಲಾಟ್ ಮಾರಿ ಅವರ ಲೆಕ್ಕ ತೀರಿಸಿದೆ.

ಹಡಗು ಅಂದರೆ ತೇಲಿಕೊಂಡು ಹೋಗೋ ಆಸ್ತಿ, ಅದಕ್ಕೇ ಸಾಲ ಕೊಟ್ಟವರು ಅದರ ದುಡಿಮೆಯನ್ನು ಹಿಡಿದಿಟ್ಟುಕೊಳ್ಳುತ್ತಾರೆ. ಎಲ್ಲ ಕಡೆ ಇರೋ ಪದ್ಧತಿಯೇ ಇದು, ಒಪ್ಪುತ್ತೇನೆ. ಸಹಿಗೆ ಮುಂಚೆ ಒಬ್ಬರಾದರೂ ಬಾಯಿಬಿಟ್ಟು ಹೇಳಲಿಲ್ಲವಲ್ಲ, ಆ ಸಿಟ್ಟು ಮಾತ್ರ ಇಳಿದಿಲ್ಲ.

ಆದ್ದರಿಂದ ಬಡ್ಡಿ ದರ ಆಮೇಲೆ ನೋಡಿ. ಮೊದಲು ಖಾತೆಯ ಅಧ್ಯಾಯ ತೆಗೆದು, ಹಡಗಿನ ಕರಾರು ಬಲ್ಲ ವಕೀಲರಿಂದ ಸಾಲುಸಾಲಾಗಿ ಓದಿಸಿ. ಮಳೆಗಾಲದ ರಿಪೇರಿ, ಇನ್ಶೂರೆನ್ಸ್, ಪಗಾರ ಇವಕ್ಕೆ ಹಣ ತೆಗೆಯೋ ಹಕ್ಕು ಕರಾರಿನಲ್ಲೇ ಬರೆದಿರಬೇಕು. ಆ 'ಪೊಟೆನ್ಶಿಯಲ್' ಅನ್ನೋದನ್ನು ಹೊಡೆದುಹಾಕಿಸಿ. ಒಪ್ಪದಿದ್ದರೆ, ನೋಟಿಸ್ ಕೊಟ್ಟು ಸರಿಪಡಿಸೋಕೆ ಇಷ್ಟು ದಿನ ಅಂತಾದರೂ ಬರೆಸಿ. ಒಂದು ಮಳೆಗಾಲದ ಖರ್ಚು ಬೇರೆ ಬ್ಯಾಂಕಿನಲ್ಲಿ ನಿಮ್ಮ ಕೈಯಲ್ಲೇ ಇರಲಿ. "ಎಲ್ಲಾ ಸ್ಟ್ಯಾಂಡರ್ಡ್ ಐತ್ರಿ" ಅಂದರೆ ಅಲ್ಲಿಂದ ಎದ್ದು ಬನ್ನಿ.

ಗದಗಿನ ಹುಡುಗ ಸೋಮವಾರ ಸಹಿ ಮಾಡೋನಿದ್ದ. ತಮ್ಮಾ, ನೀ ಇದನ್ನ ಓದಿದ್ರ ಆ ಕಾಗದ ಅಷ್ಟೂ ತೊಗೊಂಡು ಆಫೀಸಿಗೆ ಬಾ. ಇಡೀ ದಿನಾ ಹಿಡೀಲಿ, ಕುಂತು ಓದೂಣು.