ಪಿಂಕ್ ಫ್ಲಾಯ್ಡ್ 'ಪಲ್ಸ್' ಬ್ಲೂ-ರೇ: ಹೆಸರು ಮೂವರದ್ದು, ದುಡಿಮೆ ಹನ್ನೊಂದು ಜನರದ್ದು

ಮೊದಲೇ ಹೇಳಿಬಿಡುತ್ತೇನೆ. ಬ್ರಿಟಿಷ್ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನ ಲೈವ್ ಶೋ 'ಪಲ್ಸ್' ಇರುವ ಈ ಬ್ಲೂ-ರೇ ಸೆಟ್ ಅನ್ನು ಡೇವಿಡ್ ಗಿಲ್ಮೋರ್ ಗಿಟಾರ್ ಒಂದಕ್ಕೇ ಅಂತ ತೆಗೆದುಕೊಂಡರೆ ನಿಮ್ಮ ಅರ್ಧ ದುಡ್ಡು ದಂಡ. ಗಿಟಾರ್ ಚೆನ್ನಾಗಿದೆ, ಅದನ್ನು ಹೊಸದಾಗಿ ಯಾರೂ ಹೇಳಬೇಕಾಗಿಲ್ಲ. ಆದರೆ ನನ್ನ ಕಣ್ಣು ಪದೇ ಪದೇ ಹೋಗುವುದು ಹಿಂದಿನ ಸಾಲಿಗೆ. 1994ರ ಅಕ್ಟೋಬರ್ 20ರಂದು ಲಂಡನ್ನಿನ ಅರ್ಲ್ಸ್ ಕೋರ್ಟ್‌ನಲ್ಲಿ ಈ ಶೋ ಶೂಟ್ ಆಯಿತು. ಸ್ಟೇಜ್ ಮೇಲೆ ಹನ್ನೊಂದು ಜನ ಇದ್ದಾರೆ. ಅದರಲ್ಲಿ ಪಿಂಕ್ ಫ್ಲಾಯ್ಡ್ ಎನ್ನಬಹುದಾದವರು ಗಿಲ್ಮೋರ್, ಡ್ರಮ್ಸ್‌ನ ನಿಕ್ ಮೇಸನ್, ಕೀಬೋರ್ಡ್‌ನ ರಿಚರ್ಡ್ ರೈಟ್, ಇಷ್ಟೇ. ಉಳಿದ ಎಂಟು ಜನ ಟೂರ್‌ಗೆ ಅಂತ ಕರೆಸಿಕೊಂಡವರು. ನನ್ನ ಪ್ರಕಾರ ಈ ಶೋ ನಿಂತಿರುವುದೇ ಆ ಎಂಟು ಜನರ ಮೇಲೆ.

ಪೆಟ್ಟಿಗೆ ವಿಷಯ ಬೇಗ ಮುಗಿಸುತ್ತೇನೆ. 2022ರ ಫೆಬ್ರವರಿಯಲ್ಲಿ ಬಂದ ಎರಡು ಡಿಸ್ಕ್‌ಗಳ ಸೆಟ್ ಇದು. 1995ರಲ್ಲಿ 'ಪಲ್ಸ್' ಸಿಡಿ ಬಂದಾಗ ಅದರ ಬದಿಯಲ್ಲಿ ಒಂದು ಕೆಂಪು ಎಲ್‌ಇಡಿ ಮಿಣುಕುತ್ತಿತ್ತು, ನೆನಪಿದೆಯಾ? ಇದರಲ್ಲೂ ಆ ದೀಪ ಇಟ್ಟಿದ್ದಾರೆ, ಎರಡು ಎಎ ಸೆಲ್ ಹಾಕಬೇಕು. ಚಂದ ಕಾಣುತ್ತದೆ, ಆದರೆ ಕೋಣೆಯಲ್ಲಿ ಮಲಗುವವರಿಗೆ ರಾತ್ರಿ ಕಿರಿಕಿರಿ. ಸೆಲ್ ತೆಗೆದಿಟ್ಟಿದ್ದೇನೆ. ನಾನು ತರಿಸಿದ ಆನ್‌ಲೈನ್ ಅಂಗಡಿಯವರು ಒಂದೇ ಪದರ ಕಾಗದ ಸುತ್ತಿ ಕಳಿಸಿದ್ದರು, ಮೂಲೆ ಜಜ್ಜಿತ್ತು, ಡಿಸ್ಕ್‌ಗೆ ಏನೂ ಆಗಿರಲಿಲ್ಲ. ಇಷ್ಟು ದುಡ್ಡು ತೆಗೆದುಕೊಂಡು ಸ್ವಲ್ಪ ಗುಳ್ಳೆ ಪ್ಲಾಸ್ಟಿಕ್ ಸುತ್ತೋಕೆ ಏನು ಕಷ್ಟವೋ.

ಚಿತ್ರದ ಗುಣಮಟ್ಟದ ಬಗ್ಗೆ ಜಾಸ್ತಿ ಆಸೆ ಬೇಡ. ಇದು ಆ ಕಾಲದ ವಿಡಿಯೊ ಟೇಪಿನಲ್ಲಿ ಚಿತ್ರೀಕರಿಸಿದ್ದು. ಹೊಸದಾಗಿ ಎಡಿಟ್ ಮಾಡಿ ಬಣ್ಣ ಸರಿಪಡಿಸಿದ್ದಾರೆ, ಹಳೆಯ ಡಿವಿಡಿಗಿಂತ ಖಂಡಿತ ವಾಸಿ. ಆದರೂ ಲೇಸರ್, ಹೊಗೆ, ಕತ್ತಲು ಒಟ್ಟಿಗೆ ಬಂದಾಗ ಮುಖಗಳು ಸ್ವಲ್ಪ ಕದಡಿದಂತೆ ಕಾಣುತ್ತವೆ. ಇದೇ ಬ್ಯಾಂಡಿನ 1988ರ ಶೋ 'ಡೆಲಿಕೇಟ್ ಸೌಂಡ್ ಆಫ್ ಥಂಡರ್' ಅನ್ನು 35 ಎಂಎಂ ಫಿಲ್ಮಿನಲ್ಲಿ ತೆಗೆದಿದ್ದರು, ಹಾಗಾಗಿ ಅದರ ಹೊಸ ಬ್ಲೂ-ರೇ ಇದಕ್ಕಿಂತ ಎಷ್ಟೋ ಚುರುಕಾಗಿದೆ. ಶಬ್ದದಲ್ಲಿ ಮಾತ್ರ 'ಪಲ್ಸ್' ಮೇಲು. ಸ್ಟೀರಿಯೊ, ಸುತ್ತಲೂ ಸ್ಪೀಕರ್ ಇಟ್ಟು ಕೇಳುವ 5.1 ಎರಡೂ ಇವೆ. 5.1ರಲ್ಲಿ ಕೇಳಿದರೆ ಯಾರು ಏನು ನುಡಿಸುತ್ತಿದ್ದಾರೆ ಅಂತ ಬಿಡಿಬಿಡಿಯಾಗಿ ಗೊತ್ತಾಗುತ್ತದೆ, ನನ್ನಂಥವರಿಗೆ ಬೇಕಿರುವುದೂ ಅದೇ.

ಈಗ ಆ ಎಂಟು ಜನ. ಬೇಸ್ ಗಿಟಾರ್ ಗೈ ಪ್ರಾಟ್, ಎರಡನೇ ಕೀಬೋರ್ಡ್ ಜಾನ್ ಕ್ಯಾರಿನ್, ಎರಡನೇ ಗಿಟಾರ್ ಟಿಮ್ ರೆನ್‌ವಿಕ್, ಪರ್ಕಷನ್ (ತಾಳವಾದ್ಯಗಳು) ಗ್ಯಾರಿ ವಾಲಿಸ್, ಸ್ಯಾಕ್ಸೊಫೋನ್ ಡಿಕ್ ಪ್ಯಾರಿ. ಹಿನ್ನೆಲೆ ಹಾಡುಗಾರ್ತಿಯರು ಮೂವರು: ಸ್ಯಾಮ್ ಬ್ರೌನ್, ಡರ್ಗಾ ಮೆಕ್‌ಬ್ರೂಮ್, ಕ್ಲಾಡಿಯಾ ಫೊಂಟೇನ್. ಇವರಲ್ಲಿ ಪ್ರಾಟ್, ಕ್ಯಾರಿನ್, ರೆನ್‌ವಿಕ್, ವಾಲಿಸ್, ಮೆಕ್‌ಬ್ರೂಮ್ ಐದೂ ಜನ 1988ರ ಶೋನಲ್ಲೂ ಇದ್ದವರೇ. ಯಕ್ಷಗಾನ ನೋಡುವವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಮೇಳದ ಹೆಸರು ಅದೇ ಇರುತ್ತದೆ, ಪ್ರತಿ ತಿರುಗಾಟಕ್ಕೂ ಕಲಾವಿದರು ಅಲ್ಲಿಂದಿಲ್ಲಿಗೆ ಹೋಗುತ್ತಾರೆ, ಆಟಕ್ಕೆ ಹೋಗುವ ಮುಂಚೆ ನಾವು ಕೇಳುವುದು ಈ ಸಲ ಭಾಗವತರು ಯಾರು, ಚೆಂಡೆ ಯಾರು ಅಂತ ಅಲ್ವಾ? ರಾಕ್ ಬ್ಯಾಂಡ್ ವಿಷಯದಲ್ಲಿ ಮಾತ್ರ ಯಾಕೋ ನಾವು ಅದನ್ನು ಕೇಳುವುದಿಲ್ಲ.

ಕೇಳಬೇಕಾದ ಕಾರಣ ಇದೆ. ಬ್ಯಾಂಡಿನಲ್ಲಿ ಬೇಸ್ ನುಡಿಸುತ್ತಾ ಹಾಡುತ್ತಿದ್ದ ರೋಜರ್ ವಾಟರ್ಸ್ 1985ರಲ್ಲಿ ಬ್ಯಾಂಡ್ ಬಿಟ್ಟರು. ಹೆಸರು ಯಾರಿಗೆ ಸೇರಬೇಕು ಅಂತ ದೊಡ್ಡ ಜಗಳ ಆಯಿತು. 1987ರಲ್ಲಿ ಗಿಲ್ಮೋರ್ 'ಎ ಮೊಮೆಂಟರಿ ಲ್ಯಾಪ್ಸ್ ಆಫ್ ರೀಸನ್' ಮಾಡಿದಾಗ ಸ್ಟುಡಿಯೊ ತುಂಬಾ ಸೆಷನ್ ಕಲಾವಿದರೇ, ಅಂದರೆ ಕೂಲಿಗೆ ಬಂದು ನುಡಿಸಿ ಹೋಗುವವರು. ಬೇಸ್‌ಗೆ ಟೋನಿ ಲೆವಿನ್, ಡ್ರಮ್ಸ್‌ಗೆ ಜಿಮ್ ಕೆಲ್ಟ್‌ನರ್, ಕಾರ್ಮೈನ್ ಅಪೀಸ್. ಮೇಸನ್ ತಮ್ಮದೇ ಬ್ಯಾಂಡಿನ ಆಲ್ಬಂನಲ್ಲಿ ನುಡಿಸಿದ್ದು ಬಹಳ ಕಡಿಮೆ. ರೈಟ್ ಕೂಡ ಸಂಬಳಕ್ಕೆ ಬಂದವರಾಗಿದ್ದರು. ಕೇಳಿದರೆ ಗೊತ್ತಾಗುತ್ತದೆ, ಎಲ್ಲರೂ ಉಸ್ತಾದರು, ಆದರೆ ಬ್ಯಾಂಡ್ ಅನ್ನಿಸುವುದಿಲ್ಲ. ಬ್ಯಾಂಡಿನವರಿಗೂ ಹಾಗೇ ಅನ್ನಿಸಿರಬೇಕು. 2019ರಲ್ಲಿ 'ದಿ ಲೇಟರ್ ಇಯರ್ಸ್' ಬಾಕ್ಸ್ ಸೆಟ್ ಬಂದಾಗ ಅದೇ ಆಲ್ಬಂ ಅನ್ನು ಮತ್ತೆ ಮಿಕ್ಸ್ ಮಾಡಿದರು. ಮೇಸನ್ ಹೊಸದಾಗಿ ಕೂತು ಡ್ರಮ್ಸ್ ನುಡಿಸಿ ರೆಕಾರ್ಡ್ ಮಾಡಿದರು, ರೈಟ್ ಅಷ್ಟರಲ್ಲಿ ತೀರಿಕೊಂಡಿದ್ದರಿಂದ ಹಳೆಯ ಲೈವ್ ಟೇಪುಗಳಿಂದ ಅವರ ಕೀಬೋರ್ಡ್ ಎತ್ತಿ ಸೇರಿಸಿದರು. ಮೂವತ್ತೆರಡು ವರ್ಷ ಆದ ಮೇಲೆ ಬಾಡಿಗೆಯವರನ್ನು ಹಿಂದೆ ಸರಿಸಿ ಮನೆಯವರನ್ನು ಕೂರಿಸಿದ್ದು! ನನಗೆ ಇದು ಸ್ವಲ್ಪ ಅನ್ಯಾಯ ಅನ್ನಿಸುತ್ತದೆ. ಕೆಲ್ಟ್‌ನರ್ ಅಂದು ದುಡ್ಡು ತೆಗೆದುಕೊಂಡರು ನಿಜ, ಕೆಲಸ ಕೆಟ್ಟದಾಗಿ ಮಾಡಿರಲಿಲ್ಲವಲ್ಲ.

1988ರ ಶೋ ನೋಡಿ. ನ್ಯೂಯಾರ್ಕ್ ಹತ್ತಿರದ ನಸಾವ್ ಕೊಲಿಸಿಯಂನಲ್ಲಿ ತೆಗೆದಿದ್ದು. ಎಲ್ಲರೂ ಜಾಸ್ತಿ ಕುಣಿಯುತ್ತಾರೆ. ವಾಲಿಸ್ ಒಂದು ಪಂಜರದಂಥ ಕಂಬಿಗಳ ಒಳಗೆ ನಿಂತು ತಲೆ ಮೇಲೆ ನೇತುಹಾಕಿದ್ದನ್ನು ಹಾರಿ ಹಾರಿ ಬಾರಿಸುತ್ತಾರೆ. ಸ್ಯಾಕ್ಸೊಫೋನ್‌ನ ಸ್ಕಾಟ್ ಪೇಜ್ ಅವರ ಉದ್ದ ಕೂದಲು, ಆ ಓಡಾಟ, ಯಾವುದೋ ಬೇರೆ ಬ್ಯಾಂಡಿನವರು ದಾರಿ ತಪ್ಪಿ ಬಂದ ಹಾಗೆ. ವಾಟರ್ಸ್ ಇಲ್ಲದ ಜಾಗವನ್ನು ಹೇಗಾದರೂ ತುಂಬಬೇಕು ಅನ್ನುವ ಆತುರ ಎದ್ದು ಕಾಣುತ್ತದೆ. ನೋಡೋಕೆ ಮಜಾ ಇದೆ, ಇಲ್ಲ ಅನ್ನಲ್ಲ.

ಆರು ವರ್ಷ ಬಿಟ್ಟು 'ಪಲ್ಸ್' ಹಾಕಿದರೆ ಅದೇ ಪ್ರಾಟ್, ಅದೇ ಕ್ಯಾರಿನ್, ಆದರೆ ಯಾರಿಗೂ ಏನನ್ನೂ ತೋರಿಸಿಕೊಳ್ಳುವ ಅಗತ್ಯ ಇಲ್ಲ. ಪೇಜ್ ಜಾಗಕ್ಕೆ ಡಿಕ್ ಪ್ಯಾರಿ ಬಂದಿದ್ದಾರೆ. 1973ರ 'ಮನಿ'ಯಲ್ಲಿ ಸ್ಯಾಕ್ಸೊಫೋನ್ ಊದಿದ್ದು ಇವರೇ, 1975ರ 'ಶೈನ್ ಆನ್ ಯೂ ಕ್ರೇಜಿ ಡೈಮಂಡ್'ನಲ್ಲೂ ಇವರೇ. ಶೋ ಶುರುವಾಗುವುದೇ 'ಶೈನ್ ಆನ್'ನಿಂದ. ಪ್ಯಾರಿ ಮೊದಲು ಆ ದಪ್ಪ ದನಿಯ ಬ್ಯಾರಿಟೋನ್ ಸ್ಯಾಕ್ಸೊಫೋನ್ ಊದುತ್ತಾರೆ, ಆಮೇಲೆ ತಾಳ ಬದಲಾಗುವ ಕಡೆ ಅದಕ್ಕಿಂತ ತೆಳು ದನಿಯ ಟೆನರ್ ಎತ್ತಿಕೊಳ್ಳುತ್ತಾರೆ. ವಯಸ್ಸಾದ ಮನುಷ್ಯ, ನಿಂತಲ್ಲೇ ನಿಂತು ಊದುತ್ತಾರೆ. ಅಷ್ಟೇ ಸಾಕು. ಆಲ್ಬಂನಲ್ಲಿ ಕೇಳಿದ ದನಿ ಅದೇ ಮನುಷ್ಯನ ಉಸಿರಿನಿಂದ ಬಂದಾಗ ಎಷ್ಟು ವ್ಯತ್ಯಾಸ ಆಗುತ್ತದೆ ಅನ್ನುವುದನ್ನು 1988ರ ಡಿಸ್ಕ್, 'ಪಲ್ಸ್' ಎರಡನ್ನೂ ಒಂದರ ಹಿಂದೆ ಒಂದು ಹಾಕಿ ನೋಡಿ, ಹೇಳಿಸಿಕೊಳ್ಳಬೇಕಾಗಿಲ್ಲ.

'ಅನದರ್ ಬ್ರಿಕ್'ನಲ್ಲಿ ಗಿಲ್ಮೋರ್ ಸೋಲೊ ಮುಗಿಸಿ ರೆನ್‌ವಿಕ್‌ಗೆ ಬಿಟ್ಟುಕೊಡುತ್ತಾರೆ. 'ಕಂಫರ್ಟಬ್ಲಿ ನಂಬ್'ನಲ್ಲಿ ವಾಟರ್ಸ್ ಹಾಡುತ್ತಿದ್ದ ಸಾಲುಗಳನ್ನು ರೈಟ್, ಪ್ರಾಟ್, ಕ್ಯಾರಿನ್ ಮೂವರೂ ಸೇರಿ ಹಾಡುತ್ತಾರೆ. ಒಬ್ಬರ ಜಾಗಕ್ಕೆ ಮೂವರು. ವಾಟರ್ಸ್ ದನಿಯಲ್ಲಿದ್ದ ಆ ವ್ಯಂಗ್ಯದ ಮೊನಚು ಇದರಲ್ಲಿ ಬರುವುದಿಲ್ಲ, ಒಪ್ಪಿಕೊಳ್ಳಲೇಬೇಕು. 'ರನ್ ಲೈಕ್ ಹೆಲ್'ನಲ್ಲಿ ಪ್ರಾಟ್ ಗಿಲ್ಮೋರ್ ಜೊತೆ ಸರದಿಯಲ್ಲಿ ಕಿರುಚುತ್ತಾರೆ, ಅದು ಮಾತ್ರ ಭರ್ಜರಿ.

ಆದರೆ ಇಡೀ ಡಿಸ್ಕ್‌ನಲ್ಲಿ ನನಗೆ ತುಂಬಾ ಇಷ್ಟವಾದದ್ದು 'ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ'. ಶೋನ ಎರಡನೇ ಅರ್ಧದಲ್ಲಿ 'ಡಾರ್ಕ್ ಸೈಡ್ ಆಫ್ ದಿ ಮೂನ್' ಆಲ್ಬಂ ಪೂರ್ತಿ ನುಡಿಸುತ್ತಾರೆ, ಅದರಲ್ಲಿ ಬರುತ್ತದೆ. ಮೂಲದಲ್ಲಿ ಕ್ಲೇರ್ ಟೋರಿ ಒಬ್ಬರೇ ಹಾಡಿದ್ದನ್ನು ಇಲ್ಲಿ ಮೂವರು ಹಂಚಿಕೊಂಡಿದ್ದಾರೆ. ಮೊದಲು ಸ್ಯಾಮ್ ಬ್ರೌನ್ ಗಂಟಲು ಹರಿಯುವ ಹಾಗೆ ಶುರು ಮಾಡುತ್ತಾರೆ, ನಡುವೆ ಡರ್ಗಾ, ಕೊನೆಗೆ ಕ್ಲಾಡಿಯಾ ದನಿ ಇಳಿಸುತ್ತಾ ಇಳಿಸುತ್ತಾ ಮುಗಿಸುತ್ತಾರೆ. ಸುಮ್ನೆ ಅನುಕರಣೆ ಅಲ್ಲ, ಮೂವರದ್ದೂ ಬೇರೆ ಬೇರೆ ಅಳು. ಅಂದಹಾಗೆ ಟೋರಿ ಕಥೆ ಗೊತ್ತಿಲ್ಲದಿದ್ದರೆ ತಿಳಿದುಕೊಳ್ಳಿ. ಆ ಹಾಡಿಗೆ ಪದಗಳೇ ಇಲ್ಲ. ಸ್ಟುಡಿಯೊದಲ್ಲಿ ನಿಂತು ಅವರು ಬಾಯಿಗೆ ಬಂದಂತೆ ಕಟ್ಟಿದ ರಾಗ ಅದು. ಭಾನುವಾರದ ಸೆಷನ್ ಆಗಿದ್ದರಿಂದ ಎರಡರಷ್ಟು ಕೂಲಿ, ಒಟ್ಟು 30 ಪೌಂಡ್. 2004ರಲ್ಲಿ ಅವರು ಕೋರ್ಟಿಗೆ ಹೋದರು, ಮರುವರ್ಷ ರಾಜಿ ಆಯಿತು, ಅಲ್ಲಿಂದ ಆ ಹಾಡು ಕಟ್ಟಿದವರ ಹೆಸರಿನಲ್ಲಿ ರೈಟ್ ಜೊತೆ ಟೋರಿ ಹೆಸರೂ ಇದೆ. ಮೂವತ್ತು ವರ್ಷ ಬೇಕಾಯಿತು ನೋಡಿ ಇದಕ್ಕೆ. ಜಾನ್ ಕ್ಯಾರಿನ್ ಈ ವಿಷಯದಲ್ಲಿ ಅದೃಷ್ಟವಂತರು, 'ಲರ್ನಿಂಗ್ ಟು ಫ್ಲೈ' ಬರೆದವರಲ್ಲಿ ಅವರ ಹೆಸರು ಮೊದಲಿಂದಲೂ ಇದೆ.

ರೈಟ್ ಮುಖ ನೋಡುವಾಗ ಇನ್ನೊಂದು ವಿಷಯ ತಲೆಯಲ್ಲಿರಲಿ. 'ದಿ ವಾಲ್' ಆಲ್ಬಂ ಮಾಡುವಾಗ 1979ರಲ್ಲಿ ಅವರನ್ನು ಬ್ಯಾಂಡಿನಿಂದ ಹೊರಗೆ ಹಾಕಿದರು. ಆದರೂ ಅದೇ ಆಲ್ಬಂನ 1980-81ರ ಶೋಗಳಿಗೆ ಅವರು ಸಂಬಳಕ್ಕೆ ನುಡಿಸಿದರು. ಆ ಶೋಗಳಲ್ಲಿ ಬ್ಯಾಂಡಿಗೆ ನಷ್ಟ ಆಯಿತು, ಮಿಕ್ಕ ಮೂವರು ಆ ನಷ್ಟ ಹೊತ್ತರು, ಸಂಬಳದ ರೈಟ್ ಮಾತ್ರ ದುಡ್ಡು ಎಣಿಸಿಕೊಂಡು ಹೋದರು! ಅದೇ ಶೋ ಶುರುವಾಗುತ್ತಿದ್ದದ್ದು ಬದಲಿ ಬ್ಯಾಂಡಿನಿಂದ. ಗಿಟಾರ್‌ನ ಸ್ನೋವಿ ವೈಟ್, ಬೇಸ್‌ನ ಆಂಡಿ ಬೌನ್ ಮುಂತಾದವರು ಪಿಂಕ್ ಫ್ಲಾಯ್ಡ್‌ನವರ ಮುಖವಾಡ ಹಾಕಿಕೊಂಡು ನುಡಿಸುತ್ತಿದ್ದರು, ಜನ ಬ್ಯಾಂಡೇ ಬಂತು ಅಂದುಕೊಳ್ಳುತ್ತಿದ್ದರು. ಟೂರ್ ಕಲಾವಿದರ ಪಾಡನ್ನು ಇದಕ್ಕಿಂತ ನೇರವಾಗಿ ಯಾರೂ ಸ್ಟೇಜ್ ಮೇಲೆ ತಂದಿಲ್ಲ ಅಂತ ನನ್ನ ಅಭಿಪ್ರಾಯ. 'ಪಲ್ಸ್' ಹೊತ್ತಿಗೆ ರೈಟ್ ಮತ್ತೆ ಬ್ಯಾಂಡಿನವರು, ಅದೇ ವರ್ಷದ 'ದಿ ಡಿವಿಷನ್ ಬೆಲ್'ನಲ್ಲಿ ಹಾಡುಗಳನ್ನೂ ಕಟ್ಟಿದ್ದಾರೆ. ಕ್ಯಾಮೆರಾ ಅವರ ಕಡೆ ತಿರುಗಿದಾಗ ಒಂದು ನಿರಾಳ ಕಾಣುತ್ತದೆ.

ಸ್ನೋವಿ ವೈಟ್ ಅಂದೆನಲ್ಲ, ಬೆಂಗಳೂರಿನವರಿಗೆ ಅವರು ದೂರದವರಲ್ಲ. 2002ರಲ್ಲಿ ವಾಟರ್ಸ್ ಅರಮನೆ ಮೈದಾನಕ್ಕೆ ಬಂದಾಗ ಪಕ್ಕದಲ್ಲಿ ಗಿಟಾರ್ ಹಿಡಿದು ನಿಂತಿದ್ದವರು ಅವರೇ. ಅದಕ್ಕೂ ಮುಂಚೆ ಅದೇ ಟೂರ್‌ನಲ್ಲಿ ಕೀಬೋರ್ಡ್ ನುಡಿಸುತ್ತಿದ್ದದ್ದು ಯಾರು ಹೇಳಿ? ನಮ್ಮ ಕ್ಯಾರಿನ್. ಗಿಲ್ಮೋರ್, ವಾಟರ್ಸ್ ಮುಖ ನೋಡದಿದ್ದ ಕಾಲದಲ್ಲೂ ಈ ಮನುಷ್ಯ ಎರಡೂ ಕಡೆ ದುಡಿದರು. 2005ರಲ್ಲಿ ವಾಟರ್ಸ್ ಸೇರಿ ನಾಲ್ವರೂ ಲೈವ್ 8 ಸಂಗೀತ ಕಾರ್ಯಕ್ರಮದಲ್ಲಿ ಒಂದಾದಾಗ ಹಿಂದೆ ಕ್ಯಾರಿನ್, ರೆನ್‌ವಿಕ್, ಪ್ಯಾರಿ ಮೂವರೂ ಇದ್ದರು. ಪ್ರಾಟ್ ಅಂತೂ ರೈಟ್ ಮಗಳನ್ನೇ ಮದುವೆಯಾದರು, ಈಗ ಮೇಸನ್ ಕಟ್ಟಿದ ಬ್ಯಾಂಡಿನಲ್ಲೂ ಇದ್ದಾರೆ. 2022ರಲ್ಲಿ ಉಕ್ರೇನ್‌ಗಾಗಿ ಪಿಂಕ್ ಫ್ಲಾಯ್ಡ್ ಹೆಸರಲ್ಲಿ ಒಂದು ಹಾಡು ಬಂತಲ್ಲ, ಅದರಲ್ಲೂ ಬೇಸ್ ಪ್ರಾಟ್ ಅವರದ್ದೇ, ಕೀಬೋರ್ಡ್‌ಗೆ ನಿತಿನ್ ಸಾಹ್ನಿ.

ದೂರು ಎರಡಿವೆ. ಒಂದು, ಕ್ಯಾಮೆರಾ ಗಿಲ್ಮೋರ್ ಬಿಟ್ಟು ಕದಲುವುದು ಕಡಿಮೆ. ರೆನ್‌ವಿಕ್ ಏನು ನುಡಿಸುತ್ತಿದ್ದಾರೆ ಅಂತ ಕೈ ನೋಡಬೇಕು ಅನ್ನುವಷ್ಟರಲ್ಲಿ ಮತ್ತೆ ಲೇಸರ್, ಮತ್ತೆ ಸ್ಟೇಜ್ ಹಿಂದಿನ ಗುಂಡನೆ ಪರದೆ. ಎರಡು, 'ಹೇ ಯೂ' ಇಲ್ಲ. ಸಿಡಿಯಲ್ಲಿ ಇದೆ, ಅದರಲ್ಲಿ ವಾಟರ್ಸ್ ಭಾಗವನ್ನು ಕ್ಯಾರಿನ್ ಹಾಡುತ್ತಾರೆ, ಈ ಇಡೀ ಕಥೆಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ. ಆ ರಾತ್ರಿಯ ಶೋ ಪಟ್ಟಿಯಲ್ಲೇ ಅದು ಇರಲಿಲ್ಲ, ಏನು ಮಾಡೋಕಾಗುತ್ತದೆ. ಇನ್ನು ಎಂಟು ದಿನ ಆದ ಮೇಲೆ ಶೂಟ್ ಮಾಡಿದ್ದರೆ ಇನ್ನೊಬ್ಬ ಗಿಟಾರಿಸ್ಟ್ ಸಿಗುತ್ತಿದ್ದರು: ಅಕ್ಟೋಬರ್ 28ರಂದು ಲೇಖಕ ಡಗ್ಲಸ್ ಆಡಮ್ಸ್ ಅತಿಥಿಯಾಗಿ ಬಂದು ನುಡಿಸಿದರು, 42ನೇ ಹುಟ್ಟುಹಬ್ಬದ ಉಡುಗೊರೆ ಅದು.

ಎರಡನೇ ಡಿಸ್ಕ್‌ನಲ್ಲಿ ಸ್ಟೇಜ್ ಹಿಂದಿನ ಪರದೆಗೆ ಹಾಕುತ್ತಿದ್ದ ಚಿತ್ರಗಳು ವಗೈರೆ ಇವೆ, ಒಂದು ಸಲ ನೋಡಿ ಇಡಬಹುದು. 2006ರ ಡಿವಿಡಿ ಮನೆಯಲ್ಲಿದ್ದು, ಟಿವಿ ಚಿಕ್ಕದಾಗಿದ್ದು, 5.1 ಸ್ಪೀಕರ್ ಇಲ್ಲದಿದ್ದರೆ ಇದಕ್ಕೆ ಖರ್ಚು ಮಾಡಬೇಡಿ. ಹೊರಗಿಂದ ತರಿಸಿದರೆ ಸಾಗಣೆ, ಸುಂಕ ಸೇರಿ ದುಬಾರಿ ಬೀಳುತ್ತದೆ. ಸ್ಪೀಕರ್ ಇದ್ದರೆ ಯೋಚನೆ ಬೇಡ, ತೆಗೆದುಕೊಳ್ಳಿ. ಒಂದೇ ಕೊಳ್ಳುವ ಬಜೆಟ್ ಇದ್ದು ಚಿತ್ರ ಮುಖ್ಯ ಅಂದರೆ 1988ರದ್ದು, ನುಡಿಸಾಣಿಕೆ ಮುಖ್ಯ ಅಂದರೆ ಇದು. ಅಂಗಡಿಯವರಿಗೆ ಪ್ಯಾಕಿಂಗ್ ಗಟ್ಟಿಯಾಗಿರಲಿ ಅಂತ ಮಾತ್ರ ಮುಂಚೆಯೇ ಹೇಳಿಡಿ.